ಲಿಂಟರ್ ಹಸಿರು ತೋರಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ಪ್ರೋಗ್ರಾಮನ್ನು ಅದಕ್ಕೆ ಬೇಕಾದ್ದೆಲ್ಲದರ ಜೊತೆ ಕಂಟೇನರ್ ಎಂಬ ಪೊಟ್ಟಣವಾಗಿ ಕಟ್ಟಿ ಓಡಿಸುವ ಡಾಕರ್, ಅಂಥ ಕಂಟೇನರ್‌ಗಳನ್ನು ಹಲವು ಯಂತ್ರಗಳಲ್ಲಿ ನಡೆಸುವ ಕುಬರ್ನೆಟಿಸ್ ಕುರಿತು ಕನ್ನಡದಲ್ಲಿ ಬರುವ ಲೇಖನಗಳು ಹೆಚ್ಚಾಗಿ ಕಂಟೇನರ್ ಕಟ್ಟುವುದು ಹೇಗೆ ಎಂಬಲ್ಲಿಗೆ ಮುಗಿಯುತ್ತವೆ. ಕಟ್ಟುವ ಮೊದಲೇ ಕಾನ್‌ಫಿಗರೇಶನ್ ಫೈಲನ್ನು ಯಂತ್ರದಿಂದ ಓದಿಸಿ ತಪ್ಪು ಹೆಕ್ಕಿಸುವ ಮಾತು ಬಂದರೂ ‘ಲಿಂಟರ್ ಹಾಕಿ’ ಎಂಬ ಒಂದೇ ಸಾಲಿನಲ್ಲಿ ತೇಲಿಹೋಗುತ್ತದೆ. ತಪ್ಪು ಹೆಕ್ಕುವ ಈ ಉಪಕರಣವನ್ನು ಹಾಕುವುದೇನೋ ಐದು ನಿಮಿಷದ ಕೆಲಸ. ಅದರ ಕಣ್ಣಿಗೆ ಏನು ಬೀಳುತ್ತದೆ, ಏನು ಬೀಳುವುದಿಲ್ಲ ಎಂದು ತಿಳಿಯದೆ ಹಾಕಿದರೆ ಇದ್ದ ಎಚ್ಚರವೂ ಹೋಗುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಈ ಅಂಕಣ ಓದುವುದರಿಂದ ಸ್ವಲ್ಪ ಬಿಡಿಸಿಯೇ ಬರೆಯುತ್ತಿದ್ದೇವೆ.

ಕಂಟೇನರಿನ ಅಚ್ಚಾದ ಇಮೇಜನ್ನು ಕಟ್ಟುವ ಆಜ್ಞೆಗಳ ಪಟ್ಟಿಯೇ ಡಾಕರ್‌ಫೈಲ್. ಅದಕ್ಕೆ ಬಹಳ ಕಡೆ ಬಳಸುವ ಲಿಂಟರ್ ಹ್ಯಾಡೋಲಿಂಟ್. ಡಾಕರ್ ಆಜ್ಞೆಗಳ ತಪ್ಪಿಗೆ ಅದು ‘ಡಿಎಲ್’ ಸಂಖ್ಯೆ ಕೊಡುತ್ತದೆ. ‘ರನ್’ ಸಾಲಿನೊಳಗಿನ ಶೆಲ್ (ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಮ್) ತಪ್ಪನ್ನು ಶೆಲ್‌ಚೆಕ್ ಎಂಬ ಉಪಕರಣದ ನೆರವಿನಿಂದ ಹಿಡಿದು ‘ಎಸ್‌ಸಿ’ ಸಂಖ್ಯೆ ಕೊಡುತ್ತದೆ. ಯಾವ ಬೇಸ್ ಇಮೇಜಿನ ಮೇಲೆ ಕಟ್ಟಬೇಕೆಂದು ಹೇಳುವ ‘ಫ್ರಮ್’ ಸಾಲಿನಲ್ಲಿ ಟ್ಯಾಗ್ (ಆವೃತ್ತಿಯ ಗುರುತು) ಇಲ್ಲದಿದ್ದರೆ ಡಿಎಲ್3006, ‘ಲೇಟೆಸ್ಟ್’ ಎಂದಿದ್ದರೆ ಡಿಎಲ್3007, ಕೊನೆಯ ‘ಯೂಸರ್’ ಸಾಲಿನಲ್ಲಿ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಎಂದಿದ್ದರೆ ಡಿಎಲ್3002. ಇಲ್ಲೇ ಮೊದಲ ಮೋಸ: ‘ಯೂಸರ್’ ಸಾಲನ್ನೇ ಬರೆಯದಿದ್ದರೆ 3002 ತುಟಿ ಬಿಚ್ಚುವುದಿಲ್ಲ. ಬೇಸ್ ಇಮೇಜ್ ರೂಟ್ ಆಗಿ ಓಡುವಂಥದ್ದಾದರೆ ನಿಮ್ಮ ಕಂಟೇನರೂ ರೂಟ್ ಆಗಿಯೇ ಓಡುತ್ತದೆ, ವರದಿ ಮಾತ್ರ ಹಸಿರು.

ಇವುಗಳಲ್ಲಿ ಹೆಚ್ಚು ಬೆಲೆಬಾಳುವ ನಿಯಮ ಡಿಎಲ್4006. ಜಾಲದಿಂದ ಫೈಲ್ ತರುವ ‘ಕರ್ಲ್’ನಿಂದ ಸ್ಕ್ರಿಪ್ಟ್ ಇಳಿಸಿ ಪೈಪ್ (ಒಂದು ಆಜ್ಞೆ ಕೊಟ್ಟದ್ದನ್ನು ಮುಂದಿನದಕ್ಕೆ ದಾಟಿಸುವುದು) ಮೂಲಕ ನೇರ ಶೆಲ್‌ಗೆ ಸುರಿಯುವ ಸಾಲನ್ನು ಎಲ್ಲರೂ ಬರೆಯುತ್ತಾರೆ. ಪೈಪಿನಲ್ಲಿ ಕೊನೆಯ ಆಜ್ಞೆ ಗೆದ್ದರೆ ಇಡೀ ಸಾಲು ಗೆದ್ದಂತೆ ಎಂಬುದು ಶೆಲ್ಲಿನ ಲೆಕ್ಕ. ನೆಟ್‌ವರ್ಕ್ ಕೈಕೊಟ್ಟು ಕರ್ಲ್ ಬರಿಗೈಲಿ ವಾಪಸಾದರೆ, ಶೆಲ್ ಖಾಲಿ ಸ್ಕ್ರಿಪ್ಟ್ ಓಡಿಸಿ ಸೊನ್ನೆ ಎಂದು, ಅಂದರೆ ‘ಎಲ್ಲ ಸರಿ’ ಎಂದು ಹೇಳುತ್ತದೆ. ಬಿಲ್ಡ್ ಪಾಸು, ಇಮೇಜಿನೊಳಗೆ ಸಾಮಾನೇ ಇಲ್ಲ. ಅದು ಗೊತ್ತಾಗುವುದು ಕಂಟೇನರ್ ಓಡಿಸಿದಾಗ. ಇದಕ್ಕೆ 4006 ಹೇಳುವಂತೆ ‘ರನ್’ಗಿಂತ ಮೇಲೆ ಒಂದು ‘ಶೆಲ್’ ಸಾಲು ಬರೆದು, ಬ್ಯಾಶ್ ಎಂಬ ಶೆಲ್‌ಗೆ ‘-ಒ ಪೈಪ್‌ಫೇಲ್ -ಸಿ’ ಕೊಡಬೇಕು. ಆಗ ಪೈಪಿನ ಯಾವ ಆಜ್ಞೆ ಸೋತರೂ ಇಡೀ ಸಾಲು ಸೋತಂತೆ. ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ನ ಇಮೇಜಿನಲ್ಲಿ ಬ್ಯಾಶ್ ಇರುವುದಿಲ್ಲ, ಅಲ್ಲಿನ ಶೆಲ್ ಆದ ಆ್ಯಶ್‌ಗೆ ಇದನ್ನೇ ಕೊಟ್ಟರಾಯಿತು. ಲಿಂಟರ್ ಅಲ್ಲಿಗೆ ತೆಪ್ಪಗಾಗುತ್ತದೆ. ಆದರೆ ಸರ್ವರ್ 404 (ಕೇಳಿದ್ದು ಇಲ್ಲಿಲ್ಲ) ಎಂದಾಗ ‘-ಎಫ್’ ಇಲ್ಲದ ಕರ್ಲ್ ಸೋತೆ ಎನ್ನುವುದಿಲ್ಲ. ಎರರ್ ಪುಟವನ್ನೇ ತಂದು ಕೊಡುತ್ತದೆ, ಶೆಲ್ ಅದನ್ನೇ ಸ್ಕ್ರಿಪ್ಟ್ ಎಂದು ಓಡಿಸಹೊರಡುತ್ತದೆ. ಆ ‘-ಎಫ್’ ಬಗ್ಗೆ 4006 ಸೊಲ್ಲೆತ್ತುವುದಿಲ್ಲ, ನೀವೇ ನೆನಪಿಟ್ಟುಕೊಳ್ಳಬೇಕು.

ಎಲ್ಲ ನಿಯಮಕ್ಕೂ ತಲೆಬಾಗಬೇಕಾಗಿಲ್ಲ. ಡೆಬಿಯನ್ ಲಿನಕ್ಸ್‌ನಲ್ಲಿ ‘ಆ್ಯಪ್ಟ್-ಗೆಟ್’ ಆಜ್ಞೆಯಿಂದ ಹಾಕುವ ಪ್ರತಿ ಪ್ಯಾಕೇಜಿಗೂ ಆವೃತ್ತಿ ಸಂಖ್ಯೆ ಬರೆಯಿರಿ ಎನ್ನುತ್ತದೆ ಡಿಎಲ್3008. ಡೆಬಿಯನ್ ಭಂಡಾರದಲ್ಲಿ ಹೊಸ ಭದ್ರತಾ ಆವೃತ್ತಿ ಬಂದ ಮೇಲೆ ಹಳೆಯದು ಉಳಿಯುತ್ತದೆಂಬ ಖಾತರಿಯಿಲ್ಲ. ನಿನ್ನೆ ಕಟ್ಟಿದ ಫೈಲ್ ಇಂದು ‘ಆ ಆವೃತ್ತಿ ಸಿಗಲಿಲ್ಲ’ ಎಂದು ಬೀಳುತ್ತದೆ. ನಾವಾದರೆ ಇದನ್ನು ‘.ಹ್ಯಾಡೋಲಿಂಟ್.ಯಾಮಲ್’ ಫೈಲಿನ ‘ಇಗ್ನೋರ್ಡ್’ ಪಟ್ಟಿಗೆ ಸೇರಿಸಿ, ಕಾರಣವನ್ನು ಪಕ್ಕದಲ್ಲೇ ಟಿಪ್ಪಣಿಯಾಗಿ ಬರೆದಿಡುತ್ತೇವೆ. ಮಾಡಬಾರದ್ದು ಬೇರೆಯೇ ಇದೆ: ಸಿಐಯಲ್ಲಿ (ಕೋಡ್ ಬದಲಾದಾಗಲೆಲ್ಲ ತಾನೇ ಪರೀಕ್ಷೆ ನಡೆಸುವ ವ್ಯವಸ್ಥೆ) ಕೆಂಪು ಕಂಡು ಬೇಸತ್ತು ‘--ನೋ-ಫೇಲ್’ ಹಾಕುವುದು. ಆಮೇಲೆ ಎಷ್ಟು ತಪ್ಪಿದ್ದರೂ ಸಿಐಗೆ ಸಿಗುವುದು ಸೊನ್ನೆಯೇ, ವರದಿಯನ್ನು ತೆರೆದು ನೋಡುವವರು ಯಾರೂ ಇರುವುದಿಲ್ಲ.

ಬೇರೆ ಉಪಕರಣ ಬೇಡವೆನ್ನುವವರಿಗೆ 2024ರಿಂದ ‘ಡಾಕರ್ ಬಿಲ್ಡ್ --ಚೆಕ್’ ಇದೆ. ಇಮೇಜ್ ಕಟ್ಟದೆ ತಪ್ಪನ್ನಷ್ಟೇ ಹೇಳುತ್ತದೆ. ಬಿಲ್ಡ್‌ಗೆ, ಕಂಟೇನರಿಗೆ ಮೌಲ್ಯ ಕೊಡುವ ‘ಆರ್ಗ್’ ಅಥವಾ ‘ಎನ್ವ್’ ಸಾಲಿನಲ್ಲಿ ಪಾಸ್‌ವರ್ಡ್, ಟೋಕನ್ ಎಂಬಂಥ ಹೆಸರು ಕಂಡರೂ ಎಚ್ಚರಿಸುತ್ತದೆ. ‘ಕಾಪಿ’ ಸಾಲಿನೊಂದಿಗೆ ಒಳಗೆ ಹೋದ, ಪಾಸ್‌ವರ್ಡ್‌ಗಳಿರುವ ‘.ಎನ್ವ್’ ಫೈಲ್ ಮಾತ್ರ ಅದಕ್ಕೆ ಕಾಣದು. ಮುಂದಿನ ಸಾಲಿನಲ್ಲಿ ಅಳಿಸಿದರೂ ಇಮೇಜಿನ ಹಿಂದಿನ ಪದರದಲ್ಲಿ (ಇಂಥ ಒಂದೊಂದು ಸಾಲೂ ಒಂದೊಂದು ಪದರ) ಅದು ಹಾಗೇ ಇರುತ್ತದೆ, ಒಳಗೆ ಬಿಡಬಾರದ ಫೈಲುಗಳ ಪಟ್ಟಿಯಾದ ‘.ಡಾಕರ್‌ಇಗ್ನೋರ್’ನಲ್ಲೇ ತಡೆಯಬೇಕು.

ಹಲವು ಕಂಟೇನರ್‌ಗಳನ್ನು ಒಟ್ಟಿಗೆ ಓಡಿಸಲು ಬರೆಯುವ ಕಂಪೋಸ್ ಫೈಲಿಗೆ ‘ಡಾಕರ್ ಕಂಪೋಸ್ ಕಾನ್‌ಫಿಗ್ --ಕ್ವಯಟ್’ ಸಾಕು, ಸರಿಯಿದ್ದರೆ ಮೌನ. ಪೋರ್ಟ್‌ಗಳನ್ನು ಉದ್ಧರಣ ಚಿಹ್ನೆಯೊಳಗೇ ಬರೆಯಿರಿ. ಬರಿದೇ 22:22 ಎಂದರೆ ಯಾಮಲ್ (ಈ ಫೈಲುಗಳ ಬರಹಕ್ರಮ) 1.1 ನಿಯಮ ಪಾಲಿಸುವ ಪಾರ್ಸರ್, ಅಂದರೆ ಫೈಲ್ ಓದುವ ಪ್ರೋಗ್ರಾಮ್, ಅದನ್ನು ಅರವತ್ತರ ಲೆಕ್ಕದಲ್ಲಿ ಓದಿ (22×60+22) 1342 ಮಾಡಿಬಿಡುತ್ತದೆ.

ಕುಬರ್ನೆಟಿಸ್‌ಗೆ ಬಂದರೆ, ಫೈಲನ್ನು ಸ್ಕೀಮಾದೊಂದಿಗೆ (ಯಾವ ಹೆಸರು, ಎಂಥ ಮೌಲ್ಯ ಇರಬಹುದೆಂಬ ನಮೂನೆ) ತಾಳೆ ನೋಡಲು ಹಳೆಯ ಪಾಠಗಳಲ್ಲಿ ಕಾಣುವ ಕ್ಯೂಬ್‌ವ್ಯಾಲ್‌ನ ನಿರ್ವಹಣೆ ನಿಂತಿದೆ. ಅದರ ಜಾಗದಲ್ಲಿ ಕ್ಯೂಬ್‌ಕನ್‌ಫಾರ್ಮ್ ಬಳಸಿ, ಆದರೆ ‘-ಸ್ಟ್ರಿಕ್ಟ್’ ಇಲ್ಲದೆ ಬೇಡ. ‘ರಿಸೋರ್ಸಸ್’ ಬದಲು ‘ರಿಸೋರ್ಸ್’ ಎಂದು ಬರೆದರೆ ಸ್ಟ್ರಿಕ್ಟ್ ಇಲ್ಲದಾಗ ಅದು ಯಾವುದೋ ಹೆಚ್ಚುವರಿ ಫೀಲ್ಡ್ ಎಂದು ಬಿಟ್ಟುಬಿಡುತ್ತದೆ. ಕ್ಲಸ್ಟರಿನ (ಕುಬರ್ನೆಟಿಸ್ ನಡೆಯುವ ಯಂತ್ರಗಳ ಗುಂಪು) ಆವೃತ್ತಿಯನ್ನೂ ಕೊಡಿ, ಕುಬರ್ನೆಟಿಸ್ 1.22ರಲ್ಲಿ ಹೊರಗಿನ ಕೋರಿಕೆಗಳನ್ನು ಒಳಬಿಡುವ ಇನ್‌ಗ್ರೆಸ್‌ನ ಬೀಟಾ ರೂಪಗಳನ್ನು ಕಿತ್ತುಹಾಕಿದಂತೆ ಆವೃತ್ತಿಯಿಂದ ಆವೃತ್ತಿಗೆ ನಿಯಮ ಬದಲಾಗುತ್ತದೆ. ‘-ಸಮ್ಮರಿ’ ಹಾಕಿ, ‘ಸ್ಕಿಪ್ಡ್’ ಎಂಬ ಅಂಕಿ ನೋಡಿ. ಸ್ಕೀಮಾ ಸಿಗದ್ದನ್ನು ಬಿಟ್ಟುಬಿಡು ಎಂದು ನೀವೇ ಹೇಳಿದ್ದರೆ, ಬಿಟ್ಟವೆಲ್ಲ ಅಲ್ಲಿ ಕೂತಿರುತ್ತವೆ.

ಇಷ್ಟಾದರೂ ನುಸುಳುವ ಒಂದಿದೆ. ಮೆಮೊರಿ ಮಿತಿಗೆ ‘512ಎಂಐ’ (ಮೆಬಿಬೈಟ್) ಎಂದು ಬರೆಯುವಲ್ಲಿ ಸಣ್ಣ ‘ಎಂ’ ಒಂದನ್ನೇ ಬರೆದರೆ ಸ್ಕೀಮಾ ಪ್ರಕಾರ ಸರಿಯೇ. ಸಣ್ಣ ಎಂ ಎಂದರೆ ಮಿಲಿ. ನೀವು ಕೇಳಿದ್ದು ಅರ್ಧ ಬೈಟ್! ಕೋರಿಕೆಗಳನ್ನು ದಾಟಿಸುವ ಸರ್ವಿಸಿನ ಸೆಲೆಕ್ಟರಿಗೂ (ಯಾವ ಲೇಬಲ್ ಹುಡುಕಬೇಕೆಂಬ ಸಾಲು) ಕಂಟೇನರ್ ಓಡುವ ಘಟಕವಾದ ಪಾಡ್‌ನ ಲೇಬಲ್ಲಿಗೂ ತಾಳೆಯಾಗದಿದ್ದಾಗಲೂ ಹೀಗೇ, ಎರಡೂ ಫೈಲು ಬಿಡಿಬಿಡಿಯಾಗಿ ಶುದ್ಧ. ಇಂಥದ್ದಕ್ಕೆ ಕ್ಯೂಬ್‌ಲಿಂಟರ್ ಅಥವಾ ಕಾನ್ಫ್‌ಟೆಸ್ಟ್‌ನಂಥ ಎರಡನೇ ಜರಡಿ ಬೇಕು.

ಕಡೆಯದಾಗಿ ಒಂದು ಕೋರಿಕೆ. ಮುಂದೆ ಇಂಥ ಲೇಖನದ ಜೊತೆ ಮಾದರಿ ಡಾಕರ್‌ಫೈಲ್ ಅಚ್ಚು ಹಾಕುವಾಗ ಅದನ್ನೂ ಒಮ್ಮೆ ಲಿಂಟರಿಗೆ ತೋರಿಸಿ. ಅದರಲ್ಲಿ ‘ಲೇಟೆಸ್ಟ್’ ಇದ್ದರೆ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲೂ ಅದೇ ಇರುತ್ತದೆ.

– ಕೆಲವು ಸಿಸ್ಟಮ್ ಎಂಜಿನಿಯರ್‌ಗಳು, ಬೆಂಗಳೂರು