ಮಗಳಿಗೊಂದು ಪತ್ರ: ಆ ತಾಯಿ ಕೇಳಿದ ಒಪ್ಪಿಗೆ

ಪ್ರೀತಿಯ ಪುಟ್ಟೀ,

ಭಾನುವಾರ ನೀನು ಊಟಕ್ಕೂ ನಿಲ್ಲದೆ ಬೆಂಗಳೂರಿನ ಬಸ್ಸು ಹತ್ತಿದ ಮೇಲೆ ನಿನ್ನಪ್ಪ ಯಾರ ಹತ್ತಿರವೂ ಸರಿಯಾಗಿ ಮಾತಾಡುತ್ತಿಲ್ಲ. ಅವತ್ತು ಯಾರು ಯಾರಿಗೆ ಏನಂದರು ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನಿಲ್ಲಿ ಬರೆಯುವುದಿಲ್ಲ. ಆದರೆ ಹೋಗುವಾಗ ನೀನು ಆಡಿದ ಎರಡು ಮಾತು ನನ್ನನ್ನು ಬಿಡುತ್ತಿಲ್ಲ. “ಬ್ಯಾಂಕಿನ ಕಾಗದಕ್ಕೆಲ್ಲ ಸಹಿ ಹಾಕಿದ ಅಪ್ಪ ಈಗ ಯಾಕೆ ಬರ್ಲಿನ್‌ಗೆ ಹೋಗೋದು ಬೇಡ ಅಂತಾರೆ? ನಾನು ಮುಂದೆ ಬರಬೇಕು ಅಂತ ಆಸೆ ಇರೋದು ನಿಂಗೊಬ್ಬಳಿಗೇ” ಅಂದದ್ದು ಒಂದು. ನನ್ನ ಮೇಜಿನ ಮೇಲಿದ್ದ, ಜರ್ಮನ್ ಕಲಾವಿದೆ ಕೇಟೆ ಕೋಲ್ವಿಟ್ಸ್ ಬಗೆಗಿನ ಪುಸ್ತಕವನ್ನು ಪಕ್ಕಕ್ಕೆ ತಳ್ಳಿ, “ಇವಳದ್ದು ಬರೀ ಅಳು ಅಮ್ಮ, ಈಗ ಯಾರೂ ಇಂಥದ್ದು ಮಾಡಲ್ಲ” ಅಂದದ್ದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಕಡೆ ಇದೆ ಅನ್ನಿಸಿ ಬರೆಯಲು ಕೂತಿದ್ದೇನೆ. ಫೋನಿನಲ್ಲಿ ಹೇಳಹೊರಟರೆ ನೀನು ಅರ್ಧಕ್ಕೇ ತಡೆಯುತ್ತೀಯ.

ನೀನು ಶಿಲ್ಪ ಕಲಿಯಲು ಹೋಗುತ್ತಿರುವ ಬರ್ಲಿನ್‌ಗೆ ಕೇಟೆಯೂ ಕಲಿಯಲೆಂದೇ ಬಂದವಳು. ಆಗ ಅಲ್ಲಿನ ಅಕಾಡೆಮಿ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹೆಂಗಸರಿಗೆಂದೇ ಇದ್ದ ಬೇರೆ ಶಾಲೆಯಲ್ಲಿ ಕಲಿಯಬೇಕಿತ್ತು, ಮೊದಲು ಬರ್ಲಿನ್‌ನಲ್ಲಿ, ಆಮೇಲೆ ಮ್ಯೂನಿಕ್‌ನಲ್ಲಿ. ಹುಟ್ಟಿದ್ದು 1867ರಲ್ಲಿ, ಪೂರ್ವ ಪ್ರಷ್ಯದ ಕೋನಿಗ್ಸ್‌ಬರ್ಗ್‌ನಲ್ಲಿ. ಈಗ ಅದು ರಷ್ಯಾಕ್ಕೆ ಸೇರಿದ ಕಲಿನಿನ್‌ಗ್ರಾಡ್. ಅವಳ ಅಪ್ಪ ಕಾನೂನು ಓದಿದವರು. ತಮ್ಮ ರಾಜಕೀಯ ವಿಚಾರಗಳಿಗೂ ಸರ್ಕಾರಿ ಕೆಲಸಕ್ಕೂ ಹೊಂದದು ಅಂತ ಅದನ್ನು ಬಿಟ್ಟು ಗಾರೆ ಕೆಲಸ ಕಲಿತು ಮನೆ ಕಟ್ಟಿಸುವವರಾದರು. ಮಗಳ ಕೈಯಲ್ಲಿ ಏನಿದೆ ಅಂತ ಮೊದಲು ಕಂಡವರೂ ಅವರೇ. ತಾಮ್ರದ ತಗಡು ಕೊರೆಯುವ ಕುಶಲಕರ್ಮಿಯೊಬ್ಬನ ಹತ್ತಿರ ಪಾಠಕ್ಕೆ ಹಾಕಿದರು, ಆಮೇಲೆ ದೂರದ ಊರುಗಳಿಗೆ ಕಳಿಸಿದರು. ಇಷ್ಟೆಲ್ಲ ಮಾಡಿದ ಆ ಅಪ್ಪನೇ ಅವಳು ಮದುವೆಯಾಗುತ್ತೇನೆ ಎಂದಾಗ ಗಾಬರಿಯಾದರು. ಸಂಸಾರ, ಕಲೆ ಎರಡನ್ನೂ ನಡೆಸಲು ನಿನ್ನಿಂದ ಆಗಲಿಕ್ಕಿಲ್ಲ, ಆರಿಸಿಕೊಂಡದ್ದನ್ನಾದರೂ ಪೂರ್ತಿಯಾಗಿ ಮಾಡು ಎಂಬರ್ಥದ ಮಾತು ಹೇಳಿದರಂತೆ. ಕೆಲವು ವರ್ಷದ ಮೇಲೆ, ಅವರ ಹುಟ್ಟುಹಬ್ಬಕ್ಕೆ, ಎರಡು ಮಕ್ಕಳ ತಾಯಿಯಾಗಿದ್ದ ಕೇಟೆ ತಾನು ಮಾಡಿದ ‘ನೇಕಾರರ ದಂಗೆ’ ಎಂಬ ಚಿತ್ರಸರಣಿಯ ಮುದ್ರಣಗಳನ್ನು ತಂದು ಅವರೆದುರು ಇಟ್ಟಳು. ನೋಡು ಬಾ, ನಮ್ಮ ಪುಟ್ಟ ಕೇಟೆ ಏನು ಮಾಡಿದ್ದಾಳೆ ನೋಡು ಅಂತ ಹೆಂಡತಿಯನ್ನು ಕೂಗುತ್ತಾ ಆ ಮುದುಕ ಮನೆಯೆಲ್ಲ ಓಡಾಡಿಬಿಟ್ಟರು. ಮುಂದಿನ ವಸಂತದಲ್ಲಿ ತೀರಿಕೊಂಡರು. 1898ರಲ್ಲಿ ಅದೇ ಮುದ್ರಣಗಳು ಬರ್ಲಿನ್‌ನಲ್ಲಿ ಪ್ರದರ್ಶನವಾದಾಗ ತೀರ್ಪುಗಾರರು ಪದಕ ಕೊಡಬೇಕೆಂದರು, ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ಬೇಡವೆಂದ. ಅಪ್ಪ ಮನೆಯೆಲ್ಲ ಓಡಾಡಿದ್ದು ನನಗೆ ಆ ಪದಕಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಮದುವೆಯಾಗಿದ್ದು ಕಾರ್ಲ್ ಕೋಲ್ವಿಟ್ಸ್ ಅನ್ನುವ ಡಾಕ್ಟರನ್ನು, 1891ರಲ್ಲಿ. ಬರ್ಲಿನ್‌ನ ಕೂಲಿಕಾರರ ಬಡಾವಣೆಯಲ್ಲಿ ಮನೆ, ಅಲ್ಲೇ ಕ್ಲಿನಿಕ್ಕು. ನೀನು ಹೇಳುವ ಆ ‘ಅಳು’ ಆ ಬಾಗಿಲಿಗೆ ಬರುತ್ತಿದ್ದ ಹೆಂಗಸರದ್ದು. ಅವರು ಔಷಧಿಗೆಂದು ಬಂದು ಗಂಡನ ಕುಡಿತ, ಹೋದ ಕೆಲಸ, ಬೇಡದ ಬಸಿರು ಎಲ್ಲವನ್ನೂ ಹೇಳಿಕೊಂಡು ಹೋಗುತ್ತಿದ್ದರು. ಇಲ್ಲದ ದುಃಖವನ್ನು ಆಕೆ ಕಲ್ಪಿಸಿಕೊಳ್ಳಲಿಲ್ಲ.

1903ರ ಎಚ್ಚಿಂಗ್ (ಲೋಹದ ತಗಡಿನ ಮೇಲೆ ಆಮ್ಲದಿಂದ ಕೊರೆದು ಅಚ್ಚು ತೆಗೆದ ಚಿತ್ರ) ಒಂದಿದೆ, ಸತ್ತ ಮಗುವನ್ನು ತಬ್ಬಿಕೊಂಡ ತಾಯಿ. ಅದಕ್ಕಾಗಿ ಆಕೆ ತನ್ನ ಕಿರಿಯ ಮಗ ಪೀಟರ್‌ನನ್ನು ತೋಳಲ್ಲಿ ಎತ್ತಿಕೊಂಡು ಕನ್ನಡಿಯ ಎದುರು ಕೂತು ತನ್ನನ್ನೇ ಬರೆದುಕೊಂಡಳು. ಹುಡುಗನಿಗೆ ಏಳು ವರ್ಷ. ಹಾಗೆ ಹಿಡಿದು ಕೂರುವ ಶ್ರಮಕ್ಕೆ ನರಳಿದಳಂತೆ. ಆ ಮಗು, ಸುಮ್ಮನಿರಮ್ಮ, ತುಂಬ ಚೆನ್ನಾಗಿ ಬರುತ್ತೆ ಅಂತ ಸಮಾಧಾನ ಹೇಳಿತಂತೆ.

ಪುಟ್ಟೀ, ಇಲ್ಲಿಂದ ಮುಂದೆ ನನಗೆ ಹೋಗಲಾಗುವುದಿಲ್ಲ. ಎಷ್ಟು ಸಲ ಓದಿದರೂ ಅಲ್ಲೇ ನಿಂತುಬಿಡುತ್ತೇನೆ.

1914ರ ಆಗಸ್ಟ್. ಪೀಟರ್ ಸ್ನೇಹಿತರ ಜೊತೆ ನಾರ್ವೆಗೆ ಹೋಗಿದ್ದ, ಯುದ್ಧ ಶುರುವಾಯಿತು ಅಂತ ಓಡಿ ಬಂದ. ಹದಿನೆಂಟು ವರ್ಷ. ಅವನೂ ಚಿತ್ರಕಾರನಾಗಬೇಕೆಂದಿದ್ದವನು. ಸ್ವಯಂಸೇವಕನಾಗಿ ಸೈನ್ಯ ಸೇರಬೇಕು ಅಂದ. ಆ ವಯಸ್ಸಿಗೆ ಅಪ್ಪನ ಒಪ್ಪಿಗೆ ಬೇಕಿತ್ತು. ಕಾರ್ಲ್ ಕೊಡಲಿಲ್ಲ. ಆಗಸ್ಟ್ 10ರ ಸಂಜೆ ಮನೆಯಲ್ಲಿ ವಾದ. ದೇಶಕ್ಕೆ ನೀನು ಬೇಕಿದ್ದರೆ ಆಗಲೇ ಕರೆಯುತ್ತಿದ್ದರು ಅನ್ನುತ್ತಾರೆ ಅಪ್ಪ. ನನ್ನ ವಯಸ್ಸಿನವರು ಇನ್ನೂ ಬೇಕಾಗಿಲ್ಲದಿರಬಹುದು, ನಾನು ಬೇಕು ಅನ್ನುತ್ತಾನೆ ಮಗ. ಅವನ ಕಣ್ಣು ಮತ್ತೆ ಮತ್ತೆ ತಾಯಿಯ ಕಡೆಗೆ ತಿರುಗುತ್ತದೆ, ನೀನಾದರೂ ಹೇಳಮ್ಮ ಅನ್ನುವಂತೆ. ಕೊನೆಗೆ ಅವಳೆದ್ದಳು. ಬಾಗಿಲ ಹತ್ತಿರ ಮಗನನ್ನು ಅಪ್ಪಿಕೊಂಡಳು. ಆಮೇಲೆ ಗಂಡನ ಕಡೆ ತಿರುಗಿ ಮಗನ ಪರವಾಗಿ ಕೇಳಿದಳು. ಕಾರ್ಲ್ ಒಪ್ಪಿದರು.

ಅಕ್ಟೋಬರ್‌ನಲ್ಲಿ ಪೀಟರ್ ಬೆಲ್ಜಿಯಂನ ಡಿಕ್ಸ್‌ಮೌಡೆ ಹತ್ತಿರ ಸತ್ತ. ಬರ್ಲಿನ್ ಬಿಟ್ಟು ತಿಂಗಳೂ ಆಗಿರಲಿಲ್ಲ.

ನೀನು ಯುದ್ಧಕ್ಕೆ ಹೋಗುತ್ತಿಲ್ಲ. ಕಲಿಯಲು ಹೋಗುತ್ತಿದ್ದೀಯ, ನೂರಾರು ಮಕ್ಕಳು ಹೋಗುವ ಹಾಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡ ಅಂತ ನೀನು ಹೇಳುವ ಮೊದಲೇ ನಾನೇ ನನಗೆ ಹೇಳಿಕೊಂಡಿದ್ದೇನೆ. ಆದರೂ ಆ ಬಾಗಿಲು ನನ್ನ ಕಣ್ಣ ಮುಂದಿನಿಂದ ಹೋಗುವುದಿಲ್ಲ. ಯಾಕೆ ಗೊತ್ತಾ? ನಿನ್ನಪ್ಪನನ್ನು ಒಪ್ಪಿಸಿದವಳು ನಾನು. ರಾತ್ರಿ ಊಟವಾದ ಮೇಲೆ, ನೀನು ಮಲಗಿದ ಮೇಲೆ, ಅವರ ಎದುರು ಕೂತು ಕೇಳಿದವಳು ನಾನು. ಅವರ ಪ್ರಶ್ನೆಗಳಿಗೆಲ್ಲ ನಿನ್ನ ಪರವಾಗಿ ಉತ್ತರ ಕೊಟ್ಟೆ. ಚಳಿಗೆ ಏನು ಮಾಡುತ್ತಾಳೆ, ಒಬ್ಬಳೇ ಕಾಯಿಲೆ ಬಿದ್ದರೆ ಯಾರು ನೋಡುತ್ತಾರೆ, ಕಲ್ಲು ಕೆತ್ತಿ ಮುಂದೆ ಹೇಗೆ ಬದುಕುತ್ತಾಳೆ. ಎಲ್ಲಕ್ಕೂ ನನ್ನ ಹತ್ತಿರ ಉತ್ತರವಿತ್ತು. ಈಗ ನೀನು ಹೊರಡುವ ದಿನ ಹತ್ತಿರ ಬಂದಂತೆ ಅವೇ ಪ್ರಶ್ನೆಗಳು ನನ್ನ ನಿದ್ದೆ ಕೆಡಿಸುತ್ತಿವೆ.

ಆ ಸಂಜೆಯ ಬಗ್ಗೆ ಕೇಟೆ ತನ್ನ ದಿನಚರಿಯಲ್ಲಿ ಬರೆದುಕೊಂಡ ಒಂದು ವಿಷಯವನ್ನು ನೀನು ಗಮನಿಸಬೇಕು. ಗಂಡ ಬೇಡವೆಂದು ವಾದಿಸುತ್ತಿದ್ದಾಗ ಅವಳಿಗೆ ಸಿಟ್ಟು ಬರಲಿಲ್ಲ. ಮಗನಿಗಾಗಿ ಈ ಮನುಷ್ಯ ಇಷ್ಟು ಹೋರಾಡುತ್ತಿದ್ದಾನಲ್ಲ ಅಂತ ಕೃತಜ್ಞತೆ ಅನ್ನಿಸಿತು. ಬೇಡ ಅನ್ನುವವನಿಗೆ ಪ್ರೀತಿ ಕಡಿಮೆ, ಹೂಂ ಅನ್ನುವವಳಿಗೆ ಹೆಚ್ಚು ಅಂತ ಆ ಮನೆಯಲ್ಲಿ ಯಾರೂ ಲೆಕ್ಕ ಹಾಕಲಿಲ್ಲ. ನೀನು ಭಾನುವಾರ ಹಾಕಿದ ಲೆಕ್ಕ ನನಗೆ ನೋವು ಕೊಟ್ಟಿದ್ದು ಅದಕ್ಕೆ. ಹಣ ಕೊಡಲು ಮನಸ್ಸಿಲ್ಲದೆ ನಿನ್ನಪ್ಪ ಬೇಡ ಅನ್ನುತ್ತಿಲ್ಲ. ಸಹಿ ಹಾಕಿದ್ದು ನಿನ್ನ ಓದಿಗೆ, ಬೇಡ ಅನ್ನುತ್ತಿರುವುದು ನಿನ್ನನ್ನು ಬಿಟ್ಟಿರುವುದಕ್ಕೆ. ನಿನ್ನ ವಯಸ್ಸಿಗೆ ಅದು ಅರ್ಥವಾಗಬೇಕು. ನೀನು ಹೊರಡುವ ತಿಂಗಳಲ್ಲಿ ನಾನು ಭಾನುವಾರ ಅಷ್ಟು ಜೋರಾಗಿ ಮಾತಾಡಬಾರದಿತ್ತು, ಅದಕ್ಕೆ ಕ್ಷಮಿಸು. ಆದರೆ ಹೇಳಿದ ವಿಷಯವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.

ಇನ್ನು ‘ಬರೀ ಅಳು’ ಅಂದೆಯಲ್ಲ, ಅದಕ್ಕೆ ಬರುತ್ತೇನೆ. ಮಗ ಸತ್ತ ವರ್ಷದ ಡಿಸೆಂಬರ್‌ನಲ್ಲೇ ಅವನಿಗೊಂದು ಸ್ಮಾರಕ ಮಾಡಬೇಕೆಂದು ಕೇಟೆ ನಿಶ್ಚಯಿಸಿದಳು. ಮಗ ಮಲಗಿದ್ದಾನೆ, ತಲೆಯ ಹತ್ತಿರ ಅಪ್ಪ, ಕಾಲ ಹತ್ತಿರ ಅಮ್ಮ. ಮಾಡಿದಳು, ಬದಲಿಸಿದಳು, ಸರಿಬರಲಿಲ್ಲ. 1919ರಲ್ಲಿ ಆ ಕೆಲಸವನ್ನು ಬದಿಗಿಟ್ಟಳು, ನಿನಗಾಗಿ ಇದನ್ನು ಮಾಡಿಯೇ ಮಾಡುತ್ತೇನೆ, ಮರಳಿ ಬರುತ್ತೇನೆ ಅಂತ ಮಗನಿಗೆ ಮಾತು ಕೊಟ್ಟು. ವರ್ಷಗಳ ಮೇಲೆ ಮತ್ತೆ ಎತ್ತಿಕೊಂಡಳು. ಆಗ ಮಾಡಿದ ಒಂದು ಬದಲಾವಣೆಯನ್ನು ನೀನು ಶಿಲ್ಪದ ವಿದ್ಯಾರ್ಥಿಯಾಗಿ ನೋಡಬೇಕು: ಮಗನನ್ನೇ ತೆಗೆದುಹಾಕಿದಳು. ಮಂಡಿಯೂರಿದ ಅಪ್ಪ, ಮಂಡಿಯೂರಿದ ಅಮ್ಮ, ಇಬ್ಬರಿಗೂ ಬೇರೆ ಬೇರೆ ಪೀಠ. ಅಪ್ಪ ಬೆನ್ನು ಸೆಟೆಸಿ, ಎರಡು ತೋಳಿನಿಂದ ತನ್ನನ್ನೇ ಬಿಗಿಹಿಡಿದು ಕೂತಿದ್ದಾನೆ. ಅಮ್ಮ ಪೂರ್ತಿ ಬಾಗಿದ್ದಾಳೆ. ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. ಬರೀ ಅಳುವವರಿಗೆ ಇದು ಸಾಧ್ಯವಾ? ಅತಿ ಪ್ರೀತಿಯ ಭಾಗವನ್ನೇ ಕೆಲಸದಿಂದ ಕಿತ್ತು ತೆಗೆಯುವುದಕ್ಕೆ ಎಂಥ ಕೈ ಬೇಕು, ಎಷ್ಟು ವರ್ಷ ಬೇಕು! ಬೆಲ್ಜಿಯಂನ ಗ್ರಾನೈಟ್‌ನಲ್ಲಿ ಕೆತ್ತಿದ ಆ ಎರಡು ಮೂರ್ತಿಗಳು ಮಗನ ಸ್ಮಶಾನದಲ್ಲಿ ನಿಂತದ್ದು 1932ರ ಬೇಸಿಗೆಯಲ್ಲಿ. ಅಂದರೆ ಅವನು ಸತ್ತು ಹದಿನೆಂಟನೆಯ ವರ್ಷ. ಅವನು ಬದುಕಿದ್ದೂ ಅಷ್ಟೇ ವರ್ಷ.

ಆ ತಾಯಿಯ ಮೂರ್ತಿಗೆ ಇರುವುದು ಆಕೆಯದೇ ಮುಖ. ಸ್ಥಾಪನೆಯಾದ ಮೇಲೆ ಅದರೆದುರು ನಿಂತು ಅತ್ತು, ಆ ಕಲ್ಲಿನ ಕೆನ್ನೆಯನ್ನು ಸವರಿದಳಂತೆ. ಹಿಂದೆಯೇ ನಿಂತಿದ್ದವರು ಕಾರ್ಲ್. ಬೇಡ ಅಂದಿದ್ದ ಕಾರ್ಲ್. ನೋಡಿದ್ಯಲ್ಲ, ನಾನು ಆಗಲೇ ಹೇಳಿದ್ದೆ ಅಂತ ಅವರು ಒಂದು ದಿನವಾದರೂ ಅಂದರೋ ಏನೋ ಅಂತ ನಾನು ಎಲ್ಲೆಲ್ಲೋ ಹುಡುಕಿದ್ದೇನೆ. ನಾನು ಓದಿದ ಯಾವುದರಲ್ಲೂ ಅಂಥ ಮಾತು ಕಾಣಲಿಲ್ಲ. 1940ರಲ್ಲಿ ತೀರಿಕೊಳ್ಳುವವರೆಗೂ ಅವರು ಅವಳ ಜೊತೆಗೇ ಇದ್ದರು.

ಮಿಕ್ಕದ್ದು ನಿನಗೆ ಕಾಲೇಜಿನಲ್ಲಿ ಹೇಳಿಕೊಟ್ಟೇ ಕೊಡುತ್ತಾರೆ. 1904ರಲ್ಲಿ ಪ್ಯಾರಿಸ್‌ಗೆ ಹೋಗಿ ಶಿಲ್ಪದ ಮೊದಲ ಪಾಠ ಕಲಿತದ್ದು, ಫ್ರೆಂಚ್ ಶಿಲ್ಪಿ ರೋದಾನನ್ನು ನೋಡಿ ಬಂದದ್ದು. ಎಳೆಯ ಹುಡುಗರನ್ನು ಇನ್ನೂ ರಣರಂಗಕ್ಕೆ ಕರೆಯುತ್ತಿದ್ದ ಕವಿಯೊಬ್ಬನಿಗೆ 1918ರಲ್ಲಿ ಪತ್ರಿಕೆಯಲ್ಲೇ ಉತ್ತರ ಕೊಟ್ಟು, ಸತ್ತದ್ದು ಸಾಕು, ಬಿತ್ತನೆಯ ಬೀಜವನ್ನು ಬೀಸಿ ಹಿಟ್ಟು ಮಾಡಬಾರದು ಅಂತ ಜರ್ಮನ್ ಕವಿ ಗಯಟೆಯ ಮಾತು ನೆನಪಿಸಿದ್ದು. 1919ರಲ್ಲಿ ಪ್ರಷ್ಯನ್ ಕಲಾ ಅಕಾಡೆಮಿ ಸದಸ್ಯೆಯನ್ನಾಗಿ ಆರಿಸಿ ಪ್ರೊಫೆಸರ್ ಪದವಿ ಕೊಟ್ಟದ್ದು. ನಾಜಿಗಳ ವಿರುದ್ಧ ಒಂದಾಗಿ ಅನ್ನುವ ಮನವಿಗೆ ಸಹಿ ಹಾಕಿದ್ದಕ್ಕೆ 1933ರಲ್ಲಿ ಅದೇ ಅಕಾಡೆಮಿ ಬಿಡಬೇಕಾಗಿ ಬಂದದ್ದು. ಮೊಮ್ಮಗನಿಗೂ ಪೀಟರ್ ಅಂತಲೇ ಹೆಸರಿಟ್ಟಿದ್ದರು, ಅವನು 1942ರಲ್ಲಿ ರಷ್ಯಾದಲ್ಲಿ ಸತ್ತ. ಮರುವರ್ಷ ಬರ್ಲಿನ್‌ನ ಮನೆ ಬಾಂಬಿಗೆ ಉರಿಯಿತು. ಆಕೆ ಮೊರಿಟ್ಸ್‌ಬರ್ಗ್‌ನಲ್ಲಿ 1945ರ ಏಪ್ರಿಲ್ 22ರಂದು ತೀರಿಕೊಂಡಳು. ಯುದ್ಧ ಮುಗಿಯಲು ಇನ್ನೊಂದು ಹದಿನೈದು ದಿನ ಬಾಕಿ ಇತ್ತು.

ಈಗ ನಿನಗೆ ಹೇಳಬೇಕಾದ್ದು. ಅಮ್ಮ ಮತ್ತೆ ಪಾಠಕ್ಕೆ ಶುರುಮಾಡಿದಳು ಅನ್ನಬೇಡ, ನಿನಗಲ್ಲದೆ ಯಾರಿಗೆ ಹೇಳಲಿ. ಅಲ್ಲಿ ಹೋದ ಮೊದಲ ವರ್ಷವೇ ಏನಾದರೂ ಹೊಸದು ಮಾಡಿ ತೋರಿಸಬೇಕು ಅಂತ ಒದ್ದಾಡಬೇಡ. ಇದು ಹಳೆಯದು, ಇದು ಈಗ ನಡೆಯುವುದಿಲ್ಲ ಅಂತ ಯಾರಾದರೂ ಹೇಳಿದರೆ ಮೊದಲು ಆ ಕೆಲಸದ ಸುತ್ತ ಒಂದು ಸುತ್ತು ಹಾಕಿ ಬಾ, ಆಮೇಲೆ ಹೂಂ ಅನ್ನು. ಮಣ್ಣಿನಲ್ಲಿ ಮಾಡಿದ್ದನ್ನು ಒಡೆಯುವುದಕ್ಕೆ ಹೆದರಬೇಡ. ಬಾಡಿಗೆ ಉಳಿಸಲು ಊಟ ಬಿಡಬೇಡ. ಒಂದೇ ಗುಂಪಿನ ಜೊತೆ ಸೇರಿಕೊಂಡು, ಅವರು ಕೂಗಿದ್ದನ್ನೇ ಕೂಗಬೇಡ. ಪೀಟರ್‌ನ ವಯಸ್ಸಿನ ಹುಡುಗರೆಲ್ಲ ಒಟ್ಟಿಗೆ ಕೂಗುತ್ತಿದ್ದರು, ಆ ತಾಯಿಗೂ ಅದು ಆ ಕ್ಷಣಕ್ಕೆ ನಿಜ ಅನ್ನಿಸಿಬಿಟ್ಟಿತ್ತು. ಜರ್ಮನ್ ಚೆನ್ನಾಗಿ ಕಲಿ. ಉಣ್ಣೆಯ ಒಳಉಡುಪು ಅಲ್ಲೇ ಕೊಂಡುಕೋ, ಇಲ್ಲಿಯದು ಆ ಚಳಿಗೆ ಸಾಲುವುದಿಲ್ಲ. ರಾತ್ರಿ ಸ್ಟುಡಿಯೋದಿಂದ ಒಬ್ಬಳೇ ಬರಬೇಡ.

ನಿನ್ನ ಕೆಲಸದ ಬಗ್ಗೆ ನಿನ್ನೆದುರು ಹೊಗಳಿ ಅಭ್ಯಾಸವಿಲ್ಲ ನನಗೆ. ಹೈಸ್ಕೂಲಿನಲ್ಲಿ ಇಷ್ಟು ವರ್ಷ ಡ್ರಾಯಿಂಗ್ ಹೇಳಿಕೊಟ್ಟವಳು ನಾನು, ಎಷ್ಟೋ ಮಕ್ಕಳ ಕೈ ನೋಡಿದ್ದೇನೆ. ನೀನು ಕಳೆದ ವರ್ಷ ಮಾಡಿದ ಅಜ್ಜಿಯ ಕೈಗಳ ಆ ಚಿಕ್ಕ ಕಲ್ಲಿನ ಶಿಲ್ಪದಂಥದ್ದನ್ನು ಎಲ್ಲೂ ನೋಡಿಲ್ಲ. ಅದನ್ನು ಎತ್ತಿ ಟೀವಿ ಪಕ್ಕ ಇಟ್ಟವರು ನಿನ್ನಪ್ಪ. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸುತ್ತಾರೆ. ನೀನಿರುವಾಗ ಮಾತ್ರ ಆ ಕಡೆ ನೋಡುವುದಿಲ್ಲ.

ಬರ್ಲಿನ್‌ನ ಊಂಟರ್ ಡೆನ್ ಲಿಂಡೆನ್ ರಸ್ತೆಯಲ್ಲಿ ನೋಯ ವಾಖೆ ಅನ್ನುವ ಸ್ಮಾರಕ ಕಟ್ಟಡದೊಳಗೆ ಆಕೆಯ ‘ಪಿಯೆಟಾ’ ಇದೆ, ಸತ್ತ ಮಗನನ್ನು ಮಡಿಲಲ್ಲಿಟ್ಟುಕೊಂಡ ತಾಯಿಯ ಶಿಲ್ಪ, 1993ರಲ್ಲಿ ದೊಡ್ಡದು ಮಾಡಿಸಿ ಇಟ್ಟದ್ದು. ಚಾವಣಿಯ ನಡುವೆ ತೆರೆದ ಕಿಂಡಿಯಿದೆ, ಮಳೆ, ಹಿಮ ನೇರವಾಗಿ ಒಳಗೆ ಬೀಳುತ್ತದೆ. ಮೂಲ ಶಿಲ್ಪ ಎರಡು ಗೇಣಿನಷ್ಟೂ ಎತ್ತರವಿಲ್ಲ. ಅಷ್ಟು ಚಿಕ್ಕದಾಗಿದ್ದಾಗಲೇ ಅದಕ್ಕೆ ಬಲ ಹೆಚ್ಚು ಅಂತ ನನ್ನ ಅಭಿಪ್ರಾಯ. ಕೋಲ್ವಿಟ್ಸ್ ಮ್ಯೂಸಿಯಂಗೂ ಹೋಗಿ ಬಂದು ನಿನ್ನದು ಹೇಳು. ರಜೆ ಸಿಕ್ಕಾಗ ಬೆಲ್ಜಿಯಂಗೆ ಹೋಗು. ಆ ಇಬ್ಬರು ತಂದೆತಾಯಿ ಈಗ ವ್ಲಾಡ್ಸ್ಲೋ ಅನ್ನುವ ಊರಿನ ಸ್ಮಶಾನದಲ್ಲಿದ್ದಾರೆ. 1950ರ ದಶಕದಲ್ಲಿ ಸಮಾಧಿಗಳ ಜೊತೆ ಅವರನ್ನೂ ಅಲ್ಲಿಗೆ ಸ್ಥಳಾಂತರಿಸಿದರು. ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ ಅಲ್ಲಿ ಮಲಗಿದ್ದಾರೆ. ಪೀಟರ್‌ನ ಹೆಸರಿರುವ ಕಲ್ಲು ಅಪ್ಪನ ಮೂರ್ತಿಯ ಎದುರಿಗೇ ಇದೆಯಂತೆ. ಅಪ್ಪನ ನೋಟ ಎಲ್ಲಿಗೆ ಬೀಳುತ್ತದೆ, ಅಮ್ಮನ ಬೆನ್ನಿನ ಬಾಗು ಹಿಂದಿನಿಂದ ಹೇಗೆ ಕಾಣುತ್ತದೆ, ಇಬ್ಬರ ನಡುವೆ ಎಷ್ಟು ಜಾಗ ಬಿಟ್ಟಿದ್ದಾಳೆ, ಇದೆಲ್ಲ ಬರೆದು ಕಳಿಸು. ನಾನು ಫೋಟೋದಲ್ಲಷ್ಟೇ ನೋಡಿರುವುದು.

ಅದೆಲ್ಲ ಆಮೇಲೆ. ಈ ಶನಿವಾರ ಸಂಜೆಯ ರೈಲಿಗೆ ಮೈಸೂರಿಗೆ ಬಾ. ಸ್ಟೇಷನ್ನಿಗೆ ನಿನ್ನಪ್ಪ ಒಬ್ಬರೇ ಬರುತ್ತಾರೆ, ನಾನು ಬರುವುದಿಲ್ಲ. ಇನ್ನೂ ಅವರಿಗೆ ಹೇಳಿಲ್ಲ, ಹೇಳಿದರೆ ರೈಲು ಬರುವ ಒಂದು ಗಂಟೆ ಮೊದಲೇ ಹೋಗಿ ನಿಂತಿರುತ್ತಾರೆ. ಸ್ಕೂಟರಿನಲ್ಲಿ ಬರುವಾಗ ನೀನೇ ಮೊದಲು ಮಾತಾಡಿಸು.

ನಿನ್ನ
ಅಮ್ಮ