ನಿನ್ನ ದೆವ್ವ ತೀರಾ ಒಳ್ಳೆಯದು ಮಾರಾಯ

ಪ್ರೀತಿಯ ಗೆಳೆಯಾ,

ಸ್ಕ್ರಿಪ್ಟ್ ಓದಿದೆ. ನೀನು ನೋಡು ನೋಡು ಅಂತ ಜೀವ ತಿಂದ ‘ಈವಿಲ್‌ಸ್ಪೀಕ್’ ಸಿನಿಮಾನೂ ನೋಡಿದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ನನಗೆ ಹೇಳಬೇಕಾದದ್ದು ಮರೆತು ಹೋಗುತ್ತದೆ. ಅದಕ್ಕೇ ಈ ಕಾಗದ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಇದ್ದಬದ್ದ ದುಡ್ಡು ಒಟ್ಟು ಮಾಡಿ ಹಾರರ್ ಸಿನಿಮಾ ತೆಗೆಯಲು ಹೊರಟವರು ಕಾರವಾರದಿಂದ ಭಟ್ಕಳದ ತನಕ ನೀನೊಬ್ಬನೇ ಇರಲಿಕ್ಕಿಲ್ಲ.

ಮೊದಲು ಆ ಸಿನಿಮಾದ ಮಾತು. 1981ರದ್ದು, ಎರಿಕ್ ವೆಸ್ಟನ್ ನಿರ್ದೇಶನ. ಅಮೆರಿಕದ ಒಂದು ಮಿಲಿಟರಿ ಶಾಲೆ. ಅಲ್ಲಿ ಸ್ಟ್ಯಾನ್ಲಿ ಕೂಪರ್‌ಸ್ಮಿತ್ ಅನ್ನುವ ಹುಡುಗ. ಅಪ್ಪ ಅಮ್ಮ ಇಲ್ಲ. ಫುಟ್‌ಬಾಲ್ ಸರಿಯಾಗಿ ಬರುವುದಿಲ್ಲ. ಜೊತೆಯವರು ದಿನ ಬೆಳಗಾದರೆ ಅವನನ್ನು ಗೋಳು ಹೊಯ್ದುಕೊಳ್ಳುತ್ತಾರೆ. ಶಿಕ್ಷೆ ಅಂತ ಚರ್ಚಿನ ನೆಲಮಾಳಿಗೆ ಸ್ವಚ್ಛ ಮಾಡಲು ಕಳಿಸಿದಾಗ ಅವನಿಗೆ ಎಸ್ಟೆಬಾನ್ ಅನ್ನುವ ಹಳೇ ಕಾಲದ ಪಾದ್ರಿಯ ಪುಸ್ತಕ ಸಿಗುತ್ತದೆ. ಆ ಪಾದ್ರಿ ಸೈತಾನನ ಭಕ್ತ. ಪುಸ್ತಕ ಇರುವುದು ಲ್ಯಾಟಿನ್‌ನಲ್ಲಿ. ಹುಡುಗ ಅದನ್ನು ಆಪಲ್ ಕಂಪ್ಯೂಟರಿಗೆ ತುಂಬುತ್ತಾನೆ. ನಮ್ಮ ಭಟ್ಟರು ಹೋಮದ ಸಾಮಾನಿನ ಚೀಟಿ ಕೊಟ್ಟ ಹಾಗೆ, ಕಂಪ್ಯೂಟರ್ ಅವನಿಗೆ ಇನ್ನೂ ಏನೇನು ಬೇಕು ಅಂತ ಹೇಳುತ್ತದೆ. ಬೇಕಾದದ್ದು ಮನುಷ್ಯನ ರಕ್ತ. ನಾನು ಅಲ್ಲಿ ಜೋರಾಗಿ ನಕ್ಕುಬಿಟ್ಟೆ. ಹಂದಿಗಳು ಮನುಷ್ಯರ ಮೇಲೆ ಬೀಳುವ ದೃಶ್ಯದಲ್ಲೂ ನಗು ಬಂತು, ಆದರೆ ಸ್ವಲ್ಪ ಕಡಿಮೆ. ಇದೇ ಸಿನಿಮಾವನ್ನು ಬ್ರಿಟನ್ನಿನಲ್ಲಿ ‘ವಿಡಿಯೋ ನಾಸ್ಟಿ’, ಅಂದರೆ ಹಿಂಸೆ ಮಿತಿಮೀರಿದ ಕ್ಯಾಸೆಟ್‌ಗಳ ಪಟ್ಟಿಗೆ ಸೇರಿಸಿ, ಕ್ಯಾಸೆಟ್ ಅಂಗಡಿಗಳಿಂದ ಎತ್ತಿಸಿದ್ದರು ಅಂದರೆ ನಂಬುವುದು ಕಷ್ಟ, ಅಲ್ವಾ?

ನಗು ಬಾರದ ಭಾಗ ಬೇರೆ ಇದೆ. ಆ ಹುಡುಗನ ಪಾತ್ರ ಮಾಡಿದ ಕ್ಲಿಂಟ್ ಹೋವರ್ಡ್‌ನ ಮುಖ ನೋಡು. ನಟ, ನಿರ್ದೇಶಕ ರಾನ್ ಹೋವರ್ಡ್‌ನ ತಮ್ಮ ಅವನು. ಅಣ್ಣನ ಹಾಗೆ ಸಿನಿಮಾದವರು ಇಷ್ಟಪಡುವ ಮುಖವಲ್ಲ. ಹೊಡೆತ ಬೀಳುವ ಮೊದಲೇ ಕಣ್ಣು ಕಿರಿದು ಮಾಡಿಕೊಂಡು ನಿಲ್ಲುತ್ತಾನೆ. ಹೊಡೆತ ತಿಂದು ಅಭ್ಯಾಸ ಆದವರು ಮಾತ್ರ ಹಾಗೆ ನಿಲ್ಲುತ್ತಾರೆ. ಇನ್ನೊಂದು ಆ ಕೋಚ್. ಕೂಪರ್‌ಸ್ಮಿತ್‌ಗೆ ಏನಾದರೂ ಪೆಟ್ಟಾದರೆ ಅವನು ತಂಡದಲ್ಲಿ ಇರುವುದಿಲ್ಲವಲ್ಲ ಅಂತ ಹುಡುಗರ ಕಿವಿಗೆ ಬೀಳುವ ಹಾಗೆ ಸುಮ್ನೆ ಒಂದು ಮಾತು ಆಡುತ್ತಾನೆ. ಕೈ ಎತ್ತುವುದಿಲ್ಲ, ಬೈಯುವುದೂ ಇಲ್ಲ. ಇಡೀ ಸಿನಿಮಾದಲ್ಲಿ ನನಗೆ ಮೈ ಜುಮ್ಮೆಂದದ್ದು ಅದೊಂದೇ ಕಡೆ. ಅದಕ್ಕೆ ನಿರ್ಮಾಪಕನಿಗೆ ಒಂದು ಪೈಸೆಯೂ ಖರ್ಚಾಗಿಲ್ಲ.

ಆಮೇಲೆ ಹುಡುಗರು ಅವನ ನಾಯಿಮರಿ ಕೊಲ್ಲುತ್ತಾರೆ. ಕೊನೆಗೆ ಅವನು ಕತ್ತಿ ಹಿಡಿದು ಚರ್ಚಿನಲ್ಲಿ ಗಾಳಿಯಲ್ಲಿ ತೇಲುತ್ತ ಬರುತ್ತಾನೆ. ತಲೆಗಳು ಉರುಳುತ್ತವೆ. ನಾವು ಚಪ್ಪಾಳೆ ಹೊಡೆಯುತ್ತೇವೆ. ಹೆದರಿಕೆ ಮಾತ್ರ ಆಗುವುದಿಲ್ಲ. ಯಾಕೆ ಹೆದರಬೇಕು ಹೇಳು? ಆ ಕತ್ತಿ ಯಾರ ಕುತ್ತಿಗೆಗೆ ಅಂತ ಮೊದಲೇ ಗೊತ್ತಿದೆ. ನಾವೇನು ಅವನ ನಾಯಿ ಕೊಂದವರಲ್ಲ.

ನಿನ್ನ ಸ್ಕ್ರಿಪ್ಟಿನ ಕತೆಯೂ ಇದೇ. ಕರಾವಳಿಯ ತದಡಿಯ ಹುಡುಗ ಪಿಯುಸಿ ಓದಲು ಶಿರಸಿಗೆ ಹೋಗುತ್ತಾನೆ, ಹಾಸ್ಟೆಲಿನಲ್ಲಿ ಮೂವರು ಕಾಡುತ್ತಾರೆ, ಬನದ ಹತ್ತಿರ ಅವನಿಗೆ ಏನೋ ಒಂದು ಮೆಟ್ಟಿಕೊಳ್ಳುತ್ತದೆ. ಆಮೇಲೆ ಮೂವರೂ ಸಾಲಾಗಿ ಸಾಯುತ್ತಾರೆ, ವಾರ್ಡನ್ ಕೊನೆಗೆ. ಯಾರು ಎಷ್ಟು ತಪ್ಪು ಮಾಡಿದ್ದಾರೋ ಅಷ್ಟೇ ಅಳತೆಯ ಸಾವು. ಇದು ದೆವ್ವ ಅಲ್ಲ ಮಾರಾಯ, ಕೋರ್ಟು. ಅದೂ ಬೇಗ ತೀರ್ಪು ಕೊಡುವ ಕೋರ್ಟು. ನಿನ್ನ ದೆವ್ವ ತೀರಾ ಒಳ್ಳೆಯದು.

ಈಗ ‘ಕ್ಯಾರಿ’ ನೆನಪು ಮಾಡಿಕೋ. ಅದೂ ಗೋಳು ತಿಂದ ಹುಡುಗಿಯ ಸೇಡಿನ ಕತೆಯೇ. ಸ್ಟೀಫನ್ ಕಿಂಗ್ 1974ರಲ್ಲಿ ಬರೆದ ಕಾದಂಬರಿ, 1976ರಲ್ಲಿ ಬ್ರಯಾನ್ ಡಿ ಪಾಲ್ಮ ಮಾಡಿದ ಸಿನಿಮಾ. 18 ಲಕ್ಷ ಡಾಲರ್‌ನಲ್ಲಿ ಮುಗಿಸಿದ್ದರು, ಹಾಲಿವುಡ್ ಲೆಕ್ಕದಲ್ಲಿ ದೊಡ್ಡ ದುಡ್ಡಲ್ಲ. ಮೈತುಂಬ ಹಂದಿ ರಕ್ತ ಸುರಿಸಿಕೊಂಡ ಕ್ಯಾರಿ ಶಾಲೆಯ ಪಾರ್ಟಿ ನಡೆಯುವ ಹಾಲ್‌ನ ಬಾಗಿಲನ್ನು ಮನಸ್ಸಿನ ಶಕ್ತಿಯಿಂದಲೇ ಮುಚ್ಚುತ್ತಾಳಲ್ಲ, ಆಗ ಸಾಯುವವರಲ್ಲಿ ಅವಳ ಪಿ.ಟಿ. ಟೀಚರ್ ಕೂಡ ಒಬ್ಬಳು. ಇಡೀ ಶಾಲೆಯಲ್ಲಿ ಕ್ಯಾರಿಯ ಪರ ನಿಂತವಳು ಅವಳು. ಕಾಟ ಕೊಟ್ಟ ಹುಡುಗಿಯರಿಗೆ ಶಿಕ್ಷೆ ಕೊಟ್ಟವಳೂ ಅವಳೇ. ಆದರೂ ಸಾಯುತ್ತಾಳೆ. ಆ ಹೊತ್ತಿಗೆ ಕ್ಯಾರಿಯ ಕಣ್ಣಿಗೆ ಎಲ್ಲರೂ ನಗುತ್ತಿರುವ ಹಾಗೇ ಕಾಣುತ್ತಾರೆ, ಆ ಟೀಚರ್ ಕೂಡ. ನನಗೆ ಕುರ್ಚಿಯಲ್ಲಿ ಕೂರಲು ಆಗಲಿಲ್ಲ ನೋಡು. ಅಲ್ಲಿಯ ತನಕ ಅವಳ ಪಕ್ಷ ವಹಿಸಿದ್ದ ನಾನು ಥಟ್ಟನೆ ಯಾವ ಕಡೆ ನಿಲ್ಲಬೇಕು ಅಂತ ಗೊತ್ತಾಗದೆ ಒದ್ದಾಡಿದೆ. ಹೆದರಿಕೆ ಅಂದರೆ ಅದು.

ಇನ್ನು ನಿನ್ನ ಹುಡುಗ ಹಾಸ್ಟೆಲಿಗೆ ತರುವ ಆ ಟ್ರಂಕಿನ ವಿಷಯ. ನಾವಿಬ್ಬರೂ ಹಾಸ್ಟೆಲಿನಲ್ಲಿದ್ದಾಗಿನ ನನ್ನ ಟ್ರಂಕನ್ನೇ ಕದ್ದು ಸ್ಕ್ರಿಪ್ಟಿಗೆ ಹಾಕಿಕೊಂಡಿದ್ದೀಯ, ಒಂದು ಮಾತು ಕೇಳಲೂ ಇಲ್ಲ. ಇರಲಿ. ಕದ್ದ ಮೇಲೆ ಸರಿಯಾಗಿ ಬಳಸು. ನಿನ್ನ ಕತೆಯಲ್ಲಿ ಹುಡುಗರು ಅವನ ಒಣಮೀನಿನ ಪೊಟ್ಟಣ ಹರಿದು ಸಂಡಾಸಿಗೆ ಚೆಲ್ಲುತ್ತಾರೆ, ಅವನ ಮುಖಕ್ಕೆ ಬಳಿಯುತ್ತಾರೆ, ಹಿಂದೆ ವಯಲಿನ್ ಬೇರೆ. ನಿಜಕ್ಕೂ ಹಾಗೇನೂ ನಡೆಯಲಿಲ್ಲ. ನಿನಗೂ ಗೊತ್ತು. ಬೇಸಿಗೆಯಲ್ಲಿ ಅಮ್ಮ ಒಣಗಿಸಿಟ್ಟಿದ್ದ ಶೆಟ್ಲಿಯನ್ನು, ಅಂದರೆ ಸಿಗಡಿಯನ್ನು, ಜೂನ್‌ನಲ್ಲಿ ಹುರಿದು, ಚಟ್ನಿಪುಡಿ ಮಾಡಿ, ಹಾರ್ಲಿಕ್ಸ್ ಬಾಟಲಿಗೆ ಹಾಕಿ ಕೊಡುತ್ತಿದ್ದಳು. ಮುಚ್ಚಳದ ಮೇಲೆ ಪ್ಲಾಸ್ಟಿಕ್ ಇಟ್ಟು ರಬ್ಬರ್ ಬ್ಯಾಂಡು. ಅದನ್ನು ಯಾರೂ ಮುಟ್ಟಲೂ ಇಲ್ಲ. ನಾನು ಕೋಣೆಗೆ ಬಂದ ತಕ್ಷಣ ಒಬ್ಬ ಎದ್ದು ಕಿಟಕಿ ತೆರೆಯುತ್ತಿದ್ದ, ಅಷ್ಟೇ. ಹೊರಗೆ ಜುಲೈ ಮಳೆ. ಎರಚಲು ಒಳಗೆ ಬಂದು ಅವನ ಹಾಸಿಗೆಯೇ ಒದ್ದೆಯಾಗುತ್ತಿತ್ತು. ಆದರೂ ತೆರೆಯುತ್ತಿದ್ದ. ಒಂದು ಮಾತಿಲ್ಲ, ನಗು ಇಲ್ಲ. ದಿನಾ. ವಾರ್ಡನ್ ಹತ್ತಿರ ಹೋದರೆ, ‘ಬಾಟ್ಲಿ ಬಿಗಿಯಾಗಿ ಮುಚ್ಚಿಡೋ’ ಅಂದರು, ನನಗೆ.

ಇದನ್ನು ತೆಗೆ. ಒಂದು ಕಿಟಕಿ, ಒಂದು ಕೈ, ಒದ್ದೆಯಾಗುವ ಹಾಸಿಗೆ. ನೋಡುವವರಿಗೆ ಮೊದಲ ಸಲ ಏನೂ ಅನ್ನಿಸಬಾರದು. ನಾಲ್ಕನೇ ಸಲ ಕಿಟಕಿಯ ಚಿಲಕದ ಸದ್ದು ಕೇಳಿದರೇ ಹೊಟ್ಟೆ ತೊಳಸಬೇಕು.

ಆಗ ನಾನೂ ಕಣ್ಣು ಮುಚ್ಚಿಕೊಂಡು ಎಲ್ಲರನ್ನೂ ಕೊಲ್ಲುತ್ತಿದ್ದೆ. ಹದಿನಾರರ ವಯಸ್ಸು, ಅದಕ್ಕೆ ಮಂತ್ರದ ಪುಸ್ತಕವೂ ಬೇಡ, ಕಂಪ್ಯೂಟರೂ ಬೇಡ. ಕಿಟಕಿ ತೆರೆಯುವವನು ಮೊದಲು, ವಾರ್ಡನ್ ಎರಡನೆಯವರು. ಆದರೆ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ನನಗೆ ಎರಡು ಸಲ ಸಾರು ಬಡಿಸುತ್ತಿದ್ದ ಅಡುಗೆಯವರೂ ಸಾಯುತ್ತಿದ್ದರು, ಯಾಕೆಂದರೆ ಅವರು ಪಾಪ ಅನ್ನುವ ಹಾಗೆ ನೋಡುತ್ತಿದ್ದರು. ನೀನೂ ಸಾಯುತ್ತಿದ್ದೆ. ಮೇಲಿನ ಮಂಚದಲ್ಲಿ ಮುಸುಕು ಹಾಕಿ ನಿದ್ದೆ ಬಂದವನ ಹಾಗೆ ಮಲಗಿರುತ್ತಿದ್ದೆಯಲ್ಲ, ಹಾಗೇ ಹಾಸಿಗೆ ಸಮೇತ. ಸಿಟ್ಟು ಮಾಡಿಕೊಳ್ಳಬೇಡ, ಮಾರನೇ ದಿನ ನಿನ್ನ ಜೊತೆಗೇ ಬಸ್‌ಸ್ಟ್ಯಾಂಡಿಗೆ ಹೋಗಿ ಮಿರ್ಚಿ ತಿನ್ನುತ್ತಿದ್ದೆ. ನಾನು ಹೇಳುವುದು ಇಷ್ಟೇ: ಆ ವಯಸ್ಸಿನ ಸಿಟ್ಟು ಪಟ್ಟಿ ನೋಡಿ ಟಿಕ್ ಹಾಕುವುದಿಲ್ಲ. ನಿನ್ನ ದೆವ್ವಕ್ಕೆ ಆ ಸಿಟ್ಟು ಬರಬೇಕು.

ಶಿರಸಿಯವನಾಗಿ ನಿನಗೆ ಇದು ಹೊಸದಾಗಬಾರದು. ಬೇಡರ ವೇಷ ನೋಡಿಕೊಂಡೇ ಬೆಳೆದವನು ನೀನು. ಮಾರಿಕಾಂಬೆಯ ಜಾತ್ರೆ ಇಲ್ಲದ ವರ್ಷ, ಹೋಳಿಯ ಹೊತ್ತಿಗೆ, ರಾತ್ರಿ ಬೀದಿಯಲ್ಲಿ ಬರುವ ಆ ವೇಷಕ್ಕೆ ಏನಿದೆ? ಬೆನ್ನಿಗೆ ನವಿಲುಗರಿ, ಮುಖಕ್ಕೆ ಕೆಂಪು ಬಣ್ಣ, ದಪ್ಪ ಮೀಸೆ, ಕಾಲಿಗೆ ಗೆಜ್ಜೆ, ಕೈಯಲ್ಲಿ ಕತ್ತಿ ಗುರಾಣಿ, ಹಿಂದೆ ತಮಟೆ. ಅವನ ಐತಿಹ್ಯವೂ ಸೇಡಿನದೇ. ಊರು ಕಾಯಲು ಬಂದವನು ಊರಿನ ಹೆಣ್ಣುಮಕ್ಕಳಿಗೇ ಕಂಟಕನಾದ, ಒಬ್ಬ ಹೆಣ್ಣುಮಗಳು ಅವನನ್ನು ಮುಗಿಸಲು ತನ್ನ ಜೀವವನ್ನೇ ಪಣಕ್ಕಿಟ್ಟಳು ಅನ್ನುತ್ತಾರೆ. ಕತೆ ಗೊತ್ತಿಲ್ಲದ ಮಕ್ಕಳೂ ಅಂಗಡಿ ಜಗಲಿ ಹತ್ತಿ ಓಡುವುದು ಯಾಕೆ? ಹಗ್ಗಕ್ಕೆ. ಇಬ್ಬರು ಅವನನ್ನು ಹಿಂದಿನಿಂದ ಹಗ್ಗ ಹಾಕಿ ಹಿಡಿದುಕೊಂಡಿರುತ್ತಾರೆ. ಅವನು ಮುನ್ನುಗ್ಗುತ್ತಾನೆ, ಅವರು ಜಗ್ಗುತ್ತಾರೆ. ಹಗ್ಗ ಬಿಟ್ಟರೆ ಅವನು ಬರುವುದು ತಪ್ಪು ಮಾಡಿದವರ ಮೇಲೆ ಅಲ್ಲ, ಎದುರಿಗೆ ಸಿಕ್ಕವರ ಮೇಲೆ. ನಿನ್ನ ಸಿನಿಮಾದಲ್ಲಿ ಆ ಹಗ್ಗ ಯಾರ ಕೈಯಲ್ಲಿತ್ತು, ಯಾವಾಗ ಬಿಟ್ಟರು? ಇದಕ್ಕೆ ಉತ್ತರ ಸಿಕ್ಕರೆ ಎರಡನೇ ಅರ್ಧ ತಾನಾಗಿಯೇ ಬರೆಸಿಕೊಳ್ಳುತ್ತದೆ.

ಬನದ ಬಗ್ಗೆ ಒಂದು ಮಾತು. ಅಲ್ಲಿ ಚೌಡಿಯ ಹೆಸರು ತರಬೇಡ. ಘಟ್ಟದ ಮೇಲೆ ಜನ ಅವಳಿಗೆ ಇವತ್ತಿಗೂ ಕಾಯಿ ಒಡೆಯುತ್ತಾರೆ, ತೋಟ ಕಾಯುವವಳು ಅನ್ನುತ್ತಾರೆ. ಅವಳನ್ನು ಕೊಲೆಗಾತಿ ಮಾಡಿದರೆ ಊರವರು ಶೂಟಿಂಗ್ ನಿಲ್ಲಿಸುತ್ತಾರೆ. ನಿಲ್ಲಿಸದಿದ್ದರೂ ಅದು ಸರಿಯಲ್ಲ. ಹುಡುಗನಿಗೆ ಮೆಟ್ಟಿಕೊಂಡದ್ದು ಏನು ಅಂತ ಹೇಳಲೇಬೇಡ. ಹೆಸರಿಟ್ಟರೆ ಪರಿಹಾರ ಕೇಳಲು ಯಾರಾದರೂ ಹೊರಟುಬಿಡುತ್ತಾರೆ.

ಗ್ರಾಫಿಕ್ಸ್‌ಗೆ ಅಂತ ಬರೆದುಕೊಂಡ ದುಡ್ಡು ನೋಡಿ ತಲೆ ತಿರುಗಿತು. ಪೂರ್ತಿ ಹೊಡೆದು ಹಾಕು. ಕ್ಯಾರಿಯ ಕೊನೆಯ ದೃಶ್ಯ, ಸಮಾಧಿಗೆ ಹೂವಿಡಲು ಹುಡುಗಿ ನಡೆದು ಬರುವುದು, ಹೇಗೆ ತೆಗೆದರು ಗೊತ್ತಾ? ಆ ಹುಡುಗಿಯ ಪಾತ್ರ ಮಾಡಿದ ಆಮಿ ಇರ್ವಿಂಗ್‌ಳನ್ನು ಹಿಮ್ಮುಖವಾಗಿ ನಡೆಸಿ, ರೀಲನ್ನು ತಿರುವುಮುರುವು ಓಡಿಸಿದರು. ಕನಸಿನಲ್ಲಿ ನಡೆದ ಹಾಗೆ ಕಾಣುತ್ತದೆ. ಹಿಂದೆ ಒಂದು ಕಾರು ರಿವರ್ಸ್‌ನಲ್ಲಿ ಹೋಗುವುದೂ ಕಾಣುತ್ತದೆ ಅನ್ನು, ಅದು ಬೇರೆ ಮಾತು. ಮಣ್ಣಿನಿಂದ ಮೇಲೆ ಬರುವ ಕೈ ಕ್ಯಾರಿಯ ಪಾತ್ರ ಮಾಡಿದ ಸಿಸ್ಸಿ ಸ್ಪೇಸೆಕ್‌ಳದ್ದೇ. ಅಷ್ಟೇ ಖರ್ಚು.

ನಮ್ಮಲ್ಲಿ ಅದಕ್ಕಿಂತ ಅಗ್ಗದ ಉಪಾಯ ಇದೆ. ಯಕ್ಷಗಾನದಲ್ಲಿ ರಾಕ್ಷಸ ಬರುವಾಗ ಏನು ಮಾಡುತ್ತಾರೆ? ತೆರೆ ಹಿಡಿಯುತ್ತಾರೆ. ಚಂಡೆ ಜೋರಾಗುತ್ತದೆ. ತೆರೆಯ ಮೇಲೆ ಕಿರೀಟದ ತುದಿ ಕಂಡ ಹಾಗೆ ಆಗುತ್ತದೆ, ಮತ್ತೆ ಇಲ್ಲ. ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ ಅಂತ ಬೆಂಕಿ ಎದ್ದು ಆರುತ್ತದೆ. ಆಟ ನೋಡಲು ಬಂದ ಮಗು ತೊಡೆಯ ಮೇಲೆ ಅಳಲು ಶುರು ಮಾಡುವುದು ರಾಕ್ಷಸನ ಮುಖ ಕಾಣುವ ಮೊದಲು, ಕಂಡ ಮೇಲೆ ಅಲ್ಲ. ನೀನು ನಾಲ್ಕನೇ ಪುಟದಲ್ಲೇ ದೆವ್ವದ ಮುಖ ತೋರಿಸಿ ಕೂತಿದ್ದೀಯ. ಸ್ವಲ್ಪ ತೆರೆ ಹಿಡಿ.

ಉಳಿದ ದುಡ್ಡನ್ನು ಒಳ್ಳೆಯ ಸೌಂಡ್ ರೆಕಾರ್ಡಿಸ್ಟ್‌ಗೆ ಕೊಡು. ತಗಡಿನ ಮೇಲಿನ ಮಳೆ, ಜೀರುಂಡೆ, ದೇವಿಮನೆ ಘಟ್ಟದಲ್ಲಿ ಗೇರ್ ಬದಲಿಸುವ ಬಸ್ಸು, ಆ ಚಿಲಕ. ಮಳೆಗಾಲದಲ್ಲೇ ತೆಗೆಯುವುದಾದರೆ ಒಂದು ಕಷ್ಟ ಇದೆ. ಮಳೆ ನೀನು ಹೇಳಿದಾಗ ನಿಲ್ಲುವುದಿಲ್ಲ, ಬೇಕಾದಾಗ ಬರುವುದೂ ಇಲ್ಲ. ಅರ್ಧ ದೃಶ್ಯ ಒದ್ದೆ, ಅರ್ಧ ಒಣ ಆಗುತ್ತದೆ. ಹಾಸ್ಟೆಲ್ ಒಳಗಿನದ್ದನ್ನು ಮಳೆ ಹೊತ್ತಿಗೆ ಇಟ್ಟುಕೋ. ಮಳೆ ಬಿಟ್ಟ ಮೇಲೆ ಹೊರಗಿನದ್ದು.

ಹುಡುಗನ ಪಾತ್ರಕ್ಕೆ ಬೆಂಗಳೂರಿನಿಂದ ಯಾರನ್ನೂ ತರಬೇಡ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ಬಂದ್ ಇರುತ್ತದೆ. ಬಂದರಿನಲ್ಲಿ ಬಲೆ ಹೊಲಿಯುತ್ತ ಕೂತವರ ಜೊತೆ ಪಿಯುಸಿ ಓದುವ ಮಕ್ಕಳೂ ಇರುತ್ತಾರೆ. ನಾನೇ ಹೋಗಿ ಮಾತಾಡಿಸುತ್ತೇನೆ, ಮನೆಯವರನ್ನೂ ಒಪ್ಪಿಸುತ್ತೇನೆ. ಬಾಟಲಿ, ಶೆಟ್ಲಿ ಪುಡಿ ಎರಡೂ ನಮ್ಮನೆಯಿಂದ. ನೀನು ಮೊದಲು ಆ ಅಡುಗೆಯವನು ಸಾಯುವ ದೃಶ್ಯ ಬರೆದು ಕಳಿಸು. ಅವನು ಎರಡನೇ ಸಲ ಸಾರು ಬಡಿಸುತ್ತಿರುವಾಗಲೇ ಸಾಯಲಿ. ಅದನ್ನು ಓದಿದ ಮೇಲೆ ನನ್ನ ಪಾಲಿನ ದುಡ್ಡಿನ ಮಾತು.

ನಿನ್ನ,
ಕೆಳಗಿನ ಮಂಚದವನು