ಸೋತದ್ದು ಹೇಗೆ ಎಂದು ಮೊದಲು ನೋಡಬೇಕು

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಅಕ್ಟೋಬರ್ ಬಂತೆಂದರೆ ಹೆಡ್ ಕೋಚ್‌ಗಳ ತಲೆದಂಡದ ಸುದ್ದಿ ಶುರುವಾಗುತ್ತದೆ. 2025ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಜೇಮ್ಸ್ ಫ್ರ್ಯಾಂಕ್ಲಿನ್ ಅವರನ್ನು ಋತುವಿನ ನಡುವೆಯೇ ಮನೆಗೆ ಕಳಿಸಿತು. ಎರಡು ವಾರ ಕಳೆಯುವಷ್ಟರಲ್ಲಿ ಲೂಸಿಯಾನಾ ಸ್ಟೇಟ್ ಬ್ರಯಾನ್ ಕೆಲ್ಲಿ ಅವರನ್ನು ಕಳಿಸಿತು. ಒಪ್ಪಂದದ ಪ್ರಕಾರ ಇಬ್ಬರಿಗೂ ಉಳಿದಿದ್ದ ಬಾಕಿ ತಲಾ 5 ಕೋಟಿ ಡಾಲರಿನ ಆಸುಪಾಸು. ‘ಸೋತರೆ ಕೋಚ್‌ನದೇ ತಪ್ಪು’ ಎನ್ನುವವರಿದ್ದಾರೆ, ‘ಆಡುವವರು ಹುಡುಗರು, ಕೋಚ್ ಏನು ಮಾಡಿಯಾನು’ ಎನ್ನುವವರೂ ಇದ್ದಾರೆ. ಇಬ್ಬರೂ ನೋಡುವುದು ಗೆಲುವು ಸೋಲಿನ ಎಣಿಕೆಯನ್ನು. ಆ ಎಣಿಕೆಯಲ್ಲಿ ಕೋಚ್‌ನ ತಪ್ಪು ಕಾಣಿಸುವುದಿಲ್ಲ. ಪಂಟ್ (ಚೆಂಡನ್ನು ಎದುರಾಳಿಗೆ ಬಿಟ್ಟುಕೊಡುತ್ತಾ ದೂರಕ್ಕೆ ಒದೆಯುವುದು) ಒದೆಯುವಾಗ, ಟೈಮ್‌ಔಟ್ (ಗಡಿಯಾರ ನಿಲ್ಲಿಸುವ ವಿರಾಮ) ಕರೆಯುವಾಗ, ಮೂರನೆಯ ವರ್ಷದಲ್ಲಿ ಲೈನ್‌ನಲ್ಲಿ (ಮುಂಚೂಣಿಯ ಭಾರಿ ಆಟಗಾರರ ಸಾಲಿನಲ್ಲಿ) ಯಾರು ನಿಂತಿದ್ದಾರೆಂದು ಎಣಿಸುವಾಗ ಕಾಣಿಸುತ್ತದೆ.

ಮೊದಲು ಅದೃಷ್ಟದ ಪಾಲನ್ನು ಬದಿಗಿಡೋಣ. ನಿಯಮಿತ ಋತುವಿನಲ್ಲಿ ಇರುವುದೇ 12 ಪಂದ್ಯ. ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವ ಟಚ್‌ಡೌನ್‌ಗೆ 6 ಅಂಕ, ಅದರ ಮೇಲೆ 2 ಅಂಕದ ಪ್ರಯತ್ನವೂ ಫಲಿಸಿದರೆ 8. ಹಾಗಾಗಿ 8 ಅಂಕದೊಳಗಿನ ಅಂತರವೆಂದರೆ ಚೆಂಡು ಇನ್ನೊಂದು ಸಲ ಕೈಗೆ ಬಂದಿದ್ದರೆ ತಿರುಗಬಹುದಾಗಿದ್ದ ಪಂದ್ಯ. ಚೆಂಡನ್ನು ಎದೆಗವಚಿ ಓಡುವುದನ್ನು ಕಲಿಸಬಹುದು. ಆದರೆ ಕೈತಪ್ಪಿ ನೆಲಕ್ಕೆ ಬಿದ್ದ ಆ ಉದ್ದುರುಟು ಚೆಂಡು ಯಾವ ಕಡೆ ಪುಟಿಯುತ್ತದೆ, ಯಾರ ಪಾಲಾಗುತ್ತದೆ ಎಂಬುದು ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಲೆಕ್ಕ. ಇಂಥ ಪಂದ್ಯಗಳಲ್ಲಿ ಒಂದು ವರ್ಷ ಐದರಲ್ಲಿ ಒಂದನ್ನಷ್ಟೇ ಗೆದ್ದ ತಂಡ, ಮರುವರ್ಷ ಏನನ್ನೂ ಬದಲಾಯಿಸದೆ ಅರ್ಧ ಗೆಲ್ಲುವುದು ಸಾಮಾನ್ಯ. ಆ ನಡುವೆ ಹೊಸ ಕೋಚ್ ಬಂದಿದ್ದರೆ ಹೆಸರು ಅವರಿಗೆ ಹೋಗುತ್ತದೆ.

ಫ್ರ್ಯಾಂಕ್ಲಿನ್ ಅವರ ಕೊನೆಯ ಮೂರು ಸೋಲುಗಳ ಅಂತರ 6, 5 ಮತ್ತು 1. ಒಟ್ಟು 12 ಅಂಕ. ಒರೆಗಾನ್ ಎದುರು ಎರಡನೆಯ ಓವರ್‌ಟೈಮ್‌ವರೆಗೆ ಹೋಗಿ ಸೋತದ್ದನ್ನು ದುರದೃಷ್ಟದ ಖಾತೆಗೆ ಹಾಕಬಹುದು. ಮರುವಾರ, ಅಲ್ಲಿಯವರೆಗೆ ಒಂದೂ ಪಂದ್ಯ ಗೆಲ್ಲದ ಯುಸಿಎಲ್‌ಎ ತಂಡಕ್ಕೆ 42 ಅಂಕ ಬಿಟ್ಟುಕೊಟ್ಟದ್ದನ್ನು ಹಾಗೆ ಹಾಕಲಾಗದು. ಅದು ತಯಾರಿಯ ಕೊರತೆ, ಕೋಚ್‌ನ ಹೊಣೆ.

ದುರದೃಷ್ಟ ಮತ್ತು ಹೊಣೆಯ ನಡುವಿನ ಗೆರೆ ಎಲ್ಲಿದೆ ಎಂದು ತಿಳಿಯಲು ನೆಬ್ರಾಸ್ಕಾದ ಸ್ಕಾಟ್ ಫ್ರಾಸ್ಟ್ ಅವರ ಕಾಲಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಅವರು ಕೈಲಾಗದ ಕೋಚ್ ಆಗಿರಲಿಲ್ಲ. 2015ರಲ್ಲಿ 12ಕ್ಕೆ 12 ಪಂದ್ಯವನ್ನೂ ಸೋತಿದ್ದ ಸೆಂಟ್ರಲ್ ಫ್ಲಾರಿಡಾ ತಂಡವನ್ನು 2017ರಲ್ಲಿ 13–0ಕ್ಕೆ (13 ಗೆಲುವು, ಒಂದೂ ಸೋಲಿಲ್ಲ) ಒಯ್ದವರು. ನೆಬ್ರಾಸ್ಕಾದಲ್ಲಿ 2018ರಿಂದ 2022ರವರೆಗೆ 16 ಗೆದ್ದು 31 ಸೋತರು. 8 ಅಂಕದೊಳಗಿನ ಪಂದ್ಯಗಳಲ್ಲಿ 5 ಗೆಲುವು, 22 ಸೋಲು. 2021ರಲ್ಲಂತೂ ತಂಡ 3–9 ಆಯಿತು. ಆ ಒಂಬತ್ತು ಸೋಲುಗಳಲ್ಲಿ ಒಂದೂ ಎರಡಂಕಿ ಅಂತರದ್ದಲ್ಲ, ಇಡೀ ವರ್ಷ ಹೊಡೆದ ಅಂಕ ಕೊಟ್ಟ ಅಂಕಕ್ಕಿಂತ 63 ಹೆಚ್ಚು! ಎಂಥ ದುರದೃಷ್ಟ ಎಂದು ಆಗ ಬಹಳ ಜನ ಮರುಗಿದರು. ಪಂದ್ಯಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಮರುಕ ಇಳಿಯುತ್ತದೆ.

ಇಲಿನಾಯ್ ಎದುರು, ಪಂಟ್ ಹಿಡಿಯುವ ಹುಡುಗ ತನ್ನ ಗೋಲ್ ಗೆರೆಯ ಹತ್ತಿರಕ್ಕೆ ಹೋಗಿ ಚೆಂಡು ಹಿಡಿದ, ತನ್ನದೇ ಗೋಲ್ ಗೆರೆಯ ಹಿಂದೆ ಆಟ ನಿಂತು (ಇದೇ ಸೇಫ್ಟಿ) ಎದುರಾಳಿಗೆ 2 ಅಂಕ ದಾನವಾಯಿತು. ಪಂಟ್ ಹಿಡಿಯುವವನಿಗೆ ಮೊದಲ ದಿನವೇ ಹೇಳುವ ಮಾತೊಂದಿದೆ: 10 ಗಜದ ಗೆರೆಯ ಮೇಲೆ ಹಿಮ್ಮಡಿ ಇಟ್ಟು ನಿಲ್ಲು, ಚೆಂಡು ತಲೆಯ ಮೇಲಿಂದ ಹೋದರೆ ಬಿಟ್ಟುಬಿಡು. ಗೋಲ್ ಗೆರೆಯ ಹಿಂದಿನ ಎಂಡ್ ಜೋನ್‌ಗೆ ಉರುಳಿದರೆ 20 ಗಜದಿಂದ ನಮ್ಮದೇ ಚೆಂಡು. ಒಕ್ಲಹೋಮಾ ಎದುರು ಟಚ್‌ಡೌನ್ ನಂತರದ ಒಂದು ಅಂಕದ ಒದೆತವನ್ನು ಎದುರಾಳಿ ತಡೆದು, ಆ ತುದಿಯವರೆಗೂ ಓಡಿ 2 ಅಂಕ ಪಡೆದರು. ಪಂದ್ಯ ಹೋದದ್ದು 7 ಅಂಕದಿಂದ. ಮಿಷಿಗನ್ ಸ್ಟೇಟ್ ಎದುರು ನಾಲ್ಕನೆಯ ಕ್ವಾರ್ಟರ್‌ನಲ್ಲಿ ಮುಂದಿದ್ದಾಗ ಪಂಟರ್ ಎಡಕ್ಕೆ ಒದ್ದ, ತಡೆಯಬೇಕಾದವರೆಲ್ಲ ಬಲಕ್ಕೆ ಓಡಿದರು, ಎದುರಾಳಿ 62 ಗಜ ಓಡಿ ಸಮ ಮಾಡಿಕೊಂಡ. ಅಯೋವಾ ಎದುರು 21–6ರ ಮುನ್ನಡೆ ಇದ್ದ ಪಂದ್ಯದಲ್ಲಿ ಪಂಟನ್ನೇ ತಡೆದು ಟಚ್‌ಡೌನ್ ಮಾಡಿದರು, ಕೊನೆಗೆ 21–28.

ನಾಲ್ಕು ಪಂದ್ಯ, ನಾಲ್ಕರಲ್ಲೂ ಒದೆಯುವ, ಒದ್ದದ್ದನ್ನು ಹಿಡಿಯುವ ವಿಭಾಗ, ಅಂದರೆ ಸ್ಪೆಷಲ್ ಟೀಮ್ಸ್. ಇದು ಚೆಂಡಿನ ಪುಟಿತವಲ್ಲ. ಪಂಟ್ ಒದೆಯುವ ದಿಕ್ಕನ್ನು ಮೊದಲೇ ಹೇಳಿರುತ್ತಾರೆ, ಉಳಿದ ಹತ್ತು ಜನ ಆ ದಿಕ್ಕಿಗೆ ಬಲೆ ಬೀಸಿದಂತೆ ಓಡುತ್ತಾರೆ. ಅದನ್ನು ಕೂಡಿಸುವುದು ಅಭ್ಯಾಸ ಮಾತ್ರ. ಆಟಗಾರರ ವಾರದ ಅಭ್ಯಾಸಕ್ಕೆ ನಿಯಮ ಕೊಡುವುದು 20 ಗಂಟೆ. ಅದರಲ್ಲಿ ದಿನಕ್ಕೆ 15–20 ನಿಮಿಷವನ್ನು ಸ್ಪೆಷಲ್ ಟೀಮ್ಸ್‌ಗೆ ತೆಗೆದಿಡಬೇಕೋ ಬೇಡವೋ, ಅದಕ್ಕೆ ಮುಖ್ಯ ಆಟಗಾರರನ್ನು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ಹೆಡ್ ಕೋಚ್ ಒಬ್ಬರೇ. ಆಗ ಮೈದಾನಕ್ಕಿಳಿದು ಕಲಿಸಬಹುದಾಗಿದ್ದ ಸಹಾಯಕರು 10 ಮಂದಿ ಮಾತ್ರ. ಆ ಹತ್ತರಲ್ಲಿ ಸ್ಪೆಷಲ್ ಟೀಮ್ಸ್‌ಗೆಂದೇ ಒಬ್ಬರನ್ನು ಇಡದೆ, ಅದನ್ನು ಬೇರೆ ಕೆಲಸವಿದ್ದವರ ಹೆಗಲಿಗೆ ಹೇರಿದ್ದು ಫ್ರಾಸ್ಟ್ ಅವರ ಆಯ್ಕೆ. ಋತು ಮುಗಿಯುವ ಮೊದಲೇ ತೆಗೆದುಹಾಕಿದ್ದು ಯಾರನ್ನು? ಆಕ್ರಮಣ ವಿಭಾಗದ ನಾಲ್ವರು ಸಹಾಯಕರನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

2022ರ ಮೊದಲ ಪಂದ್ಯ ಡಬ್ಲಿನ್‌ನಲ್ಲಿ, ನಾರ್ತ್‌ವೆಸ್ಟರ್ನ್ ಎದುರು. 28–17ರಿಂದ ಮುಂದಿದ್ದಾಗ ಫ್ರಾಸ್ಟ್ ಆನ್‌ಸೈಡ್ ಕಿಕ್ ಮಾಡಿಸಿದರು, ಅಂದರೆ ಚೆಂಡನ್ನು ಹತ್ತಿರಕ್ಕೇ ಒದ್ದು ತಾವೇ ಹಿಡಿಯುವ ಪ್ರಯತ್ನ. ಹಿಂದಿದ್ದು ಸಮಯ ಇಲ್ಲದವರು ಮಾಡುವ ಸಾಹಸ ಅದು. ಚೆಂಡು ಎದುರಾಳಿಗೆ ಸಿಕ್ಕಿತು, ಪಂದ್ಯ 28–31 ಆಯಿತು. ಸೋಲಿನ ಹೊಣೆಯಲ್ಲಿ ಯಾರಿಗೂ ಪಾಲು ಹಂಚಲಾಗದ ತೀರ್ಮಾನ ಇದು.

ಹಾಗೆಂದು ಪೂರ್ತಿ ಕೋಚ್‌ನದೇ ಆದ ಪ್ರತಿ ತಪ್ಪಿಗೂ ಕೆಲಸ ಕಳೆಯಬೇಕೆಂದಿಲ್ಲ. 2023ರ ಅಕ್ಟೋಬರ್ 7ರಂದು ಮಯಾಮಿ 20–17ರಿಂದ ಮುಂದಿತ್ತು. ಉಳಿದದ್ದು ಅರ್ಧ ನಿಮಿಷ, ಜಾರ್ಜಿಯಾ ಟೆಕ್ ಬಳಿ ಒಂದೂ ಟೈಮ್‌ಔಟ್ ಇರಲಿಲ್ಲ. ಎರಡು ಆಟಗಳ ನಡುವೆ 40 ಸೆಕೆಂಡ್ ತೆಗೆದುಕೊಳ್ಳಬಹುದು. ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಒಮ್ಮೆ ಮಂಡಿಯೂರಿ ಆಟ ನಿಲ್ಲಿಸಿದ್ದರೆ ಪಂದ್ಯ ಮುಗಿಯುತ್ತಿತ್ತು. ಮಾರಿಯೊ ಕ್ರಿಸ್ಟೋಬಲ್ ಅವರ ತಂಡ ಚೆಂಡು ಹಿಡಿದು ಓಡಿತು, ಚೆಂಡು ಬಿತ್ತು, 26 ಸೆಕೆಂಡ್ ಉಳಿದಿತ್ತು, ಜಾರ್ಜಿಯಾ ಟೆಕ್ 23–20ರಿಂದ ಗೆದ್ದಿತು. ಕೂಡುವುದು ಕಳೆಯುವುದು ಬಂದರೆ ಸಾಕಾಗಿದ್ದ ಜಾಗದಲ್ಲಿ ಆದ ತಪ್ಪು. ಮಯಾಮಿ ಅವರನ್ನು ಉಳಿಸಿಕೊಂಡಿತು. 2026ರ ಜನವರಿಯಲ್ಲಿ ಅದೇ ಕೋಚ್ ತಂಡವನ್ನು ರಾಷ್ಟ್ರೀಯ ಫೈನಲ್‌ಗೆ ತಂದರು. ಗಡಿಯಾರದ ತಪ್ಪನ್ನು ತಿದ್ದುವುದು ಸುಲಭ. ಅದಕ್ಕೆಂದೇ ಒಬ್ಬ ಸಹಾಯಕರನ್ನು ಕೂರಿಸಿ, ಉಳಿದ ಸಮಯ ಮತ್ತು ಎದುರಾಳಿಯ ಟೈಮ್‌ಔಟ್ ಲೆಕ್ಕದ ಒಂದು ಹಾಳೆ ಕೊಟ್ಟರೆ ಆಯಿತು. ತಿದ್ದಿಕೊಳ್ಳದಿದ್ದರೆ ಮಾತ್ರ ಕೆಲಸದ ಪ್ರಶ್ನೆ.

ನಿಯಮ ಮುರಿದಾಗ ತಂಡ ಕಳೆದುಕೊಳ್ಳುವ ದಂಡದ ಗಜಗಳನ್ನೂ ಒಟ್ಟಾಗಿ ಎಣಿಸಬಾರದು. ಎದುರಾಳಿಯನ್ನು ಹಿಡಿದೆಳೆದ ದಂಡ ಹೆಚ್ಚಿದ್ದರೆ ಲೈನ್‌ಮನ್‌ಗೆ ಕಾಲಿನ ವೇಗ ಸಾಲದು ಎಂದರ್ಥ. ತಡಮಾಡಿದ ದಂಡ, ಮೈದಾನದಲ್ಲಿ 12 ಜನ ನಿಂತ ದಂಡ, ಆಟ ಹೇಳಲು ಸಮಯ ಸಾಲದೆ ಸುಟ್ಟ ಟೈಮ್‌ಔಟ್, ಇವು ಬೆಂಚಿನಿಂದ ಬರುವ ರೋಗ. 2024ರಿಂದ ಒಬ್ಬ ಆಟಗಾರನ ಹೆಲ್ಮೆಟ್‌ಗೆ ರೇಡಿಯೊ ಬಂದಿದೆ, ಮುಂದಿನ ಆಟ ಶುರುಮಾಡಲು ಸಿಗುವ ಸಮಯ ತೋರಿಸುವ ಪ್ಲೇ ಕ್ಲಾಕ್‌ನಲ್ಲಿ 15 ಸೆಕೆಂಡ್ ಉಳಿಯುವವರೆಗೆ ಕೋಚ್ ನೇರವಾಗಿ ಮಾತಾಡಬಹುದು. ‘ಸನ್ನೆ ತಲುಪಲಿಲ್ಲ’ ಎಂಬ ನೆಪ ಇನ್ನು ನಡೆಯುವುದಿಲ್ಲ.

ಇನ್ನು ಎಷ್ಟು ವರ್ಷ ಕಾಯಬೇಕು ಎಂಬ ಪ್ರಶ್ನೆ. ಅಯೋವಾದಲ್ಲಿ ಕರ್ಕ್ ಫೆರೆಂಟ್ಜ್ 1999ರಲ್ಲಿ 1–10, ಮರುವರ್ಷ 3–9, ಆಮೇಲೆ 7–5, 2002ರಲ್ಲಿ 11–2. ವರ್ಜೀನಿಯಾ ಟೆಕ್‌ನಲ್ಲಿ ಫ್ರ್ಯಾಂಕ್ ಬೀಮರ್ ಬಂದಾಗ, ಹಿಂದಿನವರ ಕಾಲದ ತಪ್ಪಿಗೆ ಸ್ಕಾಲರ್‌ಶಿಪ್ ಕಡಿತದ ಶಿಕ್ಷೆ ತಂಡದ ಮೇಲಿತ್ತು. ಆರನೆಯ ವರ್ಷವೂ 2–8–1 ಆಯಿತು. ಕಾಲೇಜು ಅವರನ್ನು ಬಿಡಲಿಲ್ಲ. ಅವರು ಸಹಾಯಕರಲ್ಲಿ ಕೆಲವರನ್ನು ಬದಲಾಯಿಸಿದರು. 1993ರಿಂದ ನಿವೃತ್ತಿಯವರೆಗೆ 23 ವರ್ಷ ಎಡೆಬಿಡದೆ, ಋತುವಿನ ಕೊನೆಗೆ ಚೆನ್ನಾಗಿ ಆಡಿದ ತಂಡಗಳಿಗೆ ಸಿಗುವ ಬೋಲ್ ಪಂದ್ಯ ಆಡಿದರು. ಇಂಥ ಕಡೆ ನೋಡಬೇಕಾದದ್ದು ಲೈನ್. ಪ್ರೌಢಶಾಲೆಯಿಂದ ಬಂದ ಲೈನ್‌ಮನ್ ತೂಕ, ಬಲ, ಕಾಲಿನ ಚಲನೆ ಕೂಡಿ ಬರಲು ಎರಡು ಮೂರು ವರ್ಷ ಬೇಕು. ಮೊದಲ ವರ್ಷ ಲೈನ್ ಬಡವಾಗಿದ್ದರೆ ಹಿಂದಿನವರ ಪಾಪ, ಮೂರನೆಯ ವರ್ಷವೂ ಹಾಗೇ ಇದ್ದರೆ ಈಗಿನವರದು.

ಈ ಲೆಕ್ಕ ಈಗ ಸ್ವಲ್ಪ ಬದಲಾಗಿದೆ ಎಂಬುದನ್ನು ಒಪ್ಪಬೇಕು. 2021ರಿಂದ ಆಟಗಾರರು ತಮ್ಮ ಹೆಸರಿನ ಮೇಲೆ ಹಣ ಗಳಿಸಬಹುದು. ಕಾಲೇಜು ಬದಲಿಸಿದರೆ ಮೊದಲಿನಂತೆ ಒಂದು ವರ್ಷ ಹೊರಗೆ ಕೂರಬೇಕಿಲ್ಲ. 2025–26ರಿಂದ ಕಾಲೇಜೇ ತನ್ನ ಕ್ರೀಡಾಪಟುಗಳಿಗೆ ನೇರವಾಗಿ ಹಣ ಹಂಚಬಹುದು, ಆ ಮೊದಲ ವರ್ಷ ಎಲ್ಲರಿಗೂ ಸೇರಿ ಮಿತಿ 2.05 ಕೋಟಿ ಡಾಲರ್ ಆಗಿತ್ತು. 2023ರಲ್ಲಿ 3–9 ಆಗಿದ್ದ ಇಂಡಿಯಾನಾಕ್ಕೆ ಕರ್ಟ್ ಸಿಗ್ನೆಟಿ ಬಂದರು, ಹಳೆಯ ಕಾಲೇಜಿನಿಂದ ತಮ್ಮ ಹುಡುಗರನ್ನು ಕರೆತಂದರು, ಮೊದಲ ವರ್ಷವೇ 11–2. ಹಾಗಾಗಿ ‘ಐದು ವರ್ಷ ಕೊಡಿ’ ಎಂಬ ಮಾತು ಈಗ ದುಬಾರಿ. ಆದರೆ ಹಣ ಕೂಡಿಸುವುದು ಕೋಚ್‌ನ ಕೈಯಲ್ಲಿಲ್ಲ. ಪ್ರತಿಸ್ಪರ್ಧಿಯ ಅರ್ಧದಷ್ಟು ಹಣವನ್ನೂ ಒದಗಿಸದ ಕಾಲೇಜು ಸೋಲಿನ ಲೆಕ್ಕವನ್ನೆಲ್ಲ ಕೋಚ್‌ನ ತಲೆಗೆ ಕಟ್ಟುವುದು ಅನ್ಯಾಯ.

ಕೋಚ್ ಬದಲಾವಣೆಯಿಂದ ಏನಾಗುತ್ತದೆ ಎಂದು ಅಮೆರಿಕದ ಮೂವರು ರಾಜ್ಯಶಾಸ್ತ್ರಜ್ಞರು 1997ರಿಂದ 2010ರವರೆಗಿನ ಫಲಿತಾಂಶ ಹಿಡಿದು ನೋಡಿದ್ದಾರೆ. ತೀರ ಸೋಲುತ್ತಿದ್ದ ತಂಡಗಳಲ್ಲಿ, ಕೋಚ್ ಬದಲಿಸಿದವೂ ಬದಲಿಸದವೂ ಹೆಚ್ಚುಕಡಿಮೆ ಒಂದೇ ಹಾದಿ ಹಿಡಿದಿದ್ದವು. ನಡುಮಟ್ಟದ ತಂಡಗಳಲ್ಲಿ ಬದಲಿಸಿದವು ಇನ್ನೂ ಕೆಳಗಿಳಿದವು. 2003ರಲ್ಲಿ ಒಂಬತ್ತು ಗೆದ್ದ ಫ್ರ್ಯಾಂಕ್ ಸೋಲಿಚ್ ಅವರನ್ನು, 2014ರಲ್ಲಿ ಮತ್ತೆ ಒಂಬತ್ತು ಗೆದ್ದ ಬೋ ಪೆಲಿನಿ ಅವರನ್ನು ಕಳಿಸಿದ ನೆಬ್ರಾಸ್ಕಾ ಆಮೇಲೆ ಕಂಡದ್ದು ಇದನ್ನೇ.

ಕೊನೆಯದಾಗಿ, ಒಪ್ಪಂದಕ್ಕೆ ಸಹಿ ಹಾಕುವ ಆಡಳಿತದ ಹೊಣೆ. ಇದನ್ನು ಯಾರೂ ಎತ್ತುವುದಿಲ್ಲ. ನೆಬ್ರಾಸ್ಕಾ ಫ್ರಾಸ್ಟ್ ಅವರನ್ನು ತೆಗೆದದ್ದು 2022ರ ಸೆಪ್ಟೆಂಬರ್ 11ಕ್ಕೆ. ಅಕ್ಟೋಬರ್ 1ರವರೆಗೆ ಕಾದಿದ್ದರೆ ಕೊಡಬೇಕಾದ 1.5 ಕೋಟಿ ಡಾಲರ್ ಅರ್ಧಕ್ಕಿಳಿಯುತ್ತಿತ್ತು. ಟೆಕ್ಸಸ್ ಎ ಅಂಡ್ ಎಂ 2020ರ 9–1ರ ಸಂಭ್ರಮದಲ್ಲಿ ಜಿಂಬೊ ಫಿಷರ್ ಅವರ ಒಪ್ಪಂದವನ್ನು 2031ರವರೆಗೆ ಬೆಳೆಸಿತು. 2023ರಲ್ಲಿ ಕಳಿಸುವಾಗ ಬಾಕಿ 7.5 ಕೋಟಿ ಡಾಲರ್ ದಾಟಿತ್ತು. ಬೇರೆ ಕೆಲಸ ಸಿಕ್ಕರೆ ಆ ಸಂಬಳವನ್ನು ಬಾಕಿಯಲ್ಲಿ ಮುರಿದುಕೊಳ್ಳುವ ಷರತ್ತನ್ನೂ ಹಾಕಿರಲಿಲ್ಲ. ಆ ವಿಸ್ತರಣೆಯಾದಾಗ ಅಲ್ಲಿದ್ದ ಅಥ್ಲೆಟಿಕ್ ಡೈರೆಕ್ಟರ್ (ಕ್ರೀಡಾ ವಿಭಾಗದ ಮುಖ್ಯಸ್ಥ) 2024ರಲ್ಲಿ ಒಹಾಯೊ ಸ್ಟೇಟ್‌ನ ಅದೇ ಹುದ್ದೆಗೆ ಹೋದರು.

ಇಂತಿ,
ಒಬ್ಬ ಓದುಗ